ವಿಜ್ಞಾನದ ಬಾಗಿಲು ತಟ್ಟಿದ ಮಹಿಳೆಯರು

(ವಿಜ್ಞಾನ ಪಾಠ – 7ನೇ ತರಗತಿ ವಿದ್ಯಾರ್ಥಿನಿ)



ವಿಜ್ಞಾನಿಗಳ ಹೆಸರು ಹೇಳಿ ಅಂದರೆ ನಾವೆಲ್ಲ ಗಟ್ಟಿಯಾಗಿ ನ್ಯೂಟನ್, ಎಡಿಸನ್, ಸಿ.ವಿ. ರಾಮನ್ ಅನ್ನುತ್ತೇವೆ. ಇಂಜಿನಿಯರ್ ಅಂದರೆ ವಿಶ್ವೇಶ್ವರಯ್ಯನವರು. ಮಹಿಳೆಯರಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಮೇರಿ ಕ್ಯೂರಿ, ಕಲ್ಪನಾ ಚಾವ್ಲಾ ಅಂತ ಹೇಳಿ ಸುಮ್ಮನಾಗುತ್ತೇವೆ. ಆದರೆ ನಮ್ಮ ಕರ್ನಾಟಕದಲ್ಲೇ ಓದಿ, ಇಲ್ಲೇ ಕೆಲಸ ಮಾಡಿ ದೊಡ್ಡ ಹೆಸರು ಪಡೆದ ಮಹಿಳೆಯರಿದ್ದಾರೆ. ಅವರ ವಿಷಯ ಈ ಸಲದ ಪಾಠ.

ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯವರ ಊರು. 12ನೇ ಶತಮಾನದಲ್ಲೇ ಅವರು ಇಲ್ಲಿಂದ ಕಲ್ಯಾಣದ ತನಕ ಒಬ್ಬರೇ ಹೋದರು. ಅನುಭವ ಮಂಟಪದಲ್ಲಿ ದೊಡ್ಡವರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಎಂಟು ನೂರು ವರ್ಷ ಕಳೆದಿದೆ. ಆದರೂ "ಹೆಣ್ಣುಮಕ್ಕಳಿಗೆ ಯಾಕೆ ಅಷ್ಟೊಂದು ಓದು?" ಅನ್ನುವ ಮಾತು ನಮ್ಮ ಕಡೆ ಕೇಳುತ್ತಲೇ ಇರುತ್ತದೆ.

ಈ ಪಾಠದಲ್ಲಿ ಒಂದು ವಿಷಯ ಗಮನಿಸಿ. ಈ ಮಹಿಳೆಯರಿಗೆ ಗಣಿತ ಕಷ್ಟವಾಗಿರಲಿಲ್ಲ. ವಿಜ್ಞಾನವೂ ಕಷ್ಟವಾಗಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಾಗಿಲು ಮುಚ್ಚಿತ್ತು. ಯಾವ ಬಾಗಿಲು ಮುಚ್ಚಿದೆ ಅಂತ ಸರಿಯಾಗಿ ತಿಳಿದುಕೊಂಡು ಅದಕ್ಕೆ ತಕ್ಕ ಉಪಾಯ ಮಾಡಿದರು.

1. ಕಮಲಾ ಸೊಹೊನಿ – "ಹೆಣ್ಣು" ಅನ್ನುವ ಬಾಗಿಲು

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ. 1909ರಲ್ಲಿ ಶುರುವಾದ ಇದನ್ನು ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೂ ಕರೆಯುತ್ತಾರೆ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಮುಂಬಯಿಯಲ್ಲಿ ಬಿ.ಎಸ್ಸಿ. ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಪಾಸಾಗಿ ಇಲ್ಲಿಗೆ ಅರ್ಜಿ ಹಾಕಿದಳು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣುಮಗಳು ಅನ್ನುವ ಕಾರಣಕ್ಕೆ ಅವರು ಸೇರಿಸಿಕೊಳ್ಳಲಿಲ್ಲ. ಕಮಲಾ ಅಳುತ್ತಾ ವಾಪಸ್ ಹೋಗಲಿಲ್ಲ. ಕಾರಣ ಹೇಳಿ ಅಂತ ಬಂದು ಕೂತು ಗಾಂಧೀಜಿಯವರ ದಾರಿಯಲ್ಲಿ ಸತ್ಯಾಗ್ರಹ ಮಾಡಿದಳು. ಕೊನೆಗೆ ರಾಮನ್ ಅವರು ಷರತ್ತು ಹಾಕಿ ಸೇರಿಸಿಕೊಂಡರು. ಒಂದು ವರ್ಷ ಪರೀಕ್ಷೆಗಾಗಿ ಮಾತ್ರ ಇರಬೇಕು, ಕೆಲಸ ಚೆನ್ನಾಗಿದ್ದರೆ ಆಮೇಲೆ ನೋಡೋಣ ಅಂತ.

ಅವರಿಗೆ ಕಲಿಸಿದ ಗುರುಗಳು ಎಂ. ಶ್ರೀನಿವಾಸಯ್ಯನವರು. ಕಮಲಾ ಅವರು ಹಾಲಿನಲ್ಲಿ ಮತ್ತು ಬೇಳೆಕಾಳುಗಳಲ್ಲಿ ಇರುವ ಪ್ರೋಟೀನಿನ ಬಗ್ಗೆ ಅಭ್ಯಾಸ ಮಾಡಿದರು. ನಾವು ಶಾಲೆಯಲ್ಲಿ ಕುಡಿಯುವ ಹಾಲು, ಬಿಸಿಯೂಟದ ಬೇಳೆ ಸಾರು ಯಾಕೆ ಒಳ್ಳೆಯದು ಅನ್ನುವುದು ಇಂಥ ಸಂಶೋಧನೆಗಳಿಂದಲೇ ಗೊತ್ತಾಗಿದ್ದು. ಅವರ ಕೆಲಸ ನೋಡಿ ರಾಮನ್ ಅವರಿಗೂ ತೃಪ್ತಿಯಾಯಿತು. ಆಮೇಲೆ ಬೇರೆ ಹುಡುಗಿಯರಿಗೂ ಅಲ್ಲಿ ಪ್ರವೇಶ ಸಿಕ್ಕಿತು. ಕಮಲಾ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ಸಸ್ಯಗಳ ಉಸಿರಾಟದಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತು ಕೆಲಸ ಮಾಡುತ್ತದೆ ಅಂತ ತೋರಿಸಿದರು. ಗಿಡಗಳೂ ಉಸಿರಾಡುತ್ತವೆ ಅಂತ ನಾವು ಪಾಠದಲ್ಲಿ ಓದಿದ್ದೇವಲ್ಲ, ಅದೇ ವಿಷಯ.

2. ಅನ್ನಾ ಮಣಿ – "ಕಾಗದ" ಅನ್ನುವ ಬಾಗಿಲು

ಏಳು ವರ್ಷದ ನಂತರ, 1940ರಲ್ಲಿ, ಕೇರಳದ ಕಡೆಯ ಅನ್ನಾ ಮಣಿ ಅದೇ ಸಂಸ್ಥೆಗೆ ಬಂದರು. ಈ ಸಲ ರಾಮನ್ ಅವರೇ ತಮ್ಮ ಪ್ರಯೋಗಾಲಯದಲ್ಲಿ ಜಾಗ ಕೊಟ್ಟರು. ವಜ್ರ ಮತ್ತು ಮಾಣಿಕ್ಯದ ಹರಳುಗಳ ಮೇಲೆ ಬೆಳಕು ಬಿದ್ದರೆ ಏನಾಗುತ್ತದೆ ಅಂತ ಅನ್ನಾ ಮಣಿ ಪರೀಕ್ಷೆ ಮಾಡಿದರು. ಒಂದೊಂದು ಚಿತ್ರ ಮೂಡಲು ಹದಿನೈದು ಇಪ್ಪತ್ತು ಗಂಟೆ ಬೇಕಾಗುತ್ತಿತ್ತು. ರಾತ್ರಿಯೆಲ್ಲ ಪ್ರಯೋಗಾಲಯದಲ್ಲೇ ಇದ್ದು ಕೆಲಸ ಮಾಡಿ, ಐದು ಲೇಖನ ಪ್ರಕಟಿಸಿದರು. 1945ರಲ್ಲಿ ಪಿಎಚ್.ಡಿ.ಗೆ ಪ್ರಬಂಧ ಕೊಟ್ಟರೆ, ಎಂ.ಎಸ್ಸಿ. ಪದವಿ ಇಲ್ಲ ಅಂತ ಮದರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲೇ ಇಲ್ಲ.

ಅನ್ನಾ ಮಣಿ ಆ ಕಾಗದಕ್ಕಾಗಿ ಕಾಯುತ್ತಾ ಕೂರಲಿಲ್ಲ. ಇಂಗ್ಲೆಂಡಿಗೆ ಹೋಗಿ ಹವಾಮಾನ ಅಳೆಯುವ ಉಪಕರಣಗಳ ಕೆಲಸ ಕಲಿತು 1948ರಲ್ಲಿ ವಾಪಸ್ ಬಂದು, ಹವಾಮಾನ ಇಲಾಖೆ ಸೇರಿದರು. ಆಗ ಇಂಥ ಉಪಕರಣಗಳು ಹೊರದೇಶದಿಂದ ಬರಬೇಕಾಗಿತ್ತು. ಅವರು ಸುಮಾರು ನೂರು ಉಪಕರಣಗಳ ನಕ್ಷೆ ತಯಾರಿಸಿ ನಮ್ಮ ದೇಶದಲ್ಲೇ ಮಾಡುವಂತೆ ಮಾಡಿದರು. 1976ರಲ್ಲಿ ನಿವೃತ್ತರಾದಾಗ ಇಲಾಖೆಯಲ್ಲಿ ಬಹಳ ದೊಡ್ಡ ಹುದ್ದೆಯಲ್ಲಿದ್ದರು. ಪಿಎಚ್.ಡಿ. ಮಾತ್ರ ಇರಲಿಲ್ಲ!

ಮಲೆನಾಡಿನವರಾದ ನಮಗೆ ಮಳೆ ಲೆಕ್ಕ ಬೇಕೇ ಬೇಕು. ಟಿ.ವಿ.ಯಲ್ಲಿ 10 ಮಿಲಿಮೀಟರ್ ಮಳೆ ಅಂತ ಹೇಳುತ್ತಾರೆ. ಹಾಗಂದರೆ ಎಷ್ಟು?

1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ = 1 ಲೀಟರ್ ನೀರು.
1 ಗುಂಟೆ = ಸುಮಾರು 101 ಚದರ ಮೀಟರ್.
ಆದ್ದರಿಂದ 1 ಗುಂಟೆಗೆ 10 ಮಿ.ಮೀ. ಮಳೆ = 101 × 10 = 1010 ಲೀಟರ್.

15 ಲೀಟರಿನ ಕೊಡದಲ್ಲಿ ಹೊತ್ತರೆ 67 ಕೊಡ ಆಗುತ್ತದೆ! ಮಳೆ ಅಳೆಯುವ ಮಾಪಕ ಸರಿಯಾಗಿದ್ದರೆ ಮಾತ್ರ ಈ ಲೆಕ್ಕ ಸರಿ ಬರುತ್ತದೆ. ಅನ್ನಾ ಮಣಿಯವರ ಕೆಲಸದ ಬೆಲೆ ಇದರಿಂದ ತಿಳಿಯುತ್ತದೆ.

3. ರಾಜೇಶ್ವರಿ ಚಟರ್ಜಿ – "ಅದು ನಿನ್ನ ವಿಷಯವಲ್ಲ" ಅನ್ನುವ ಬಾಗಿಲು

ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಇವರನ್ನು ಕರೆಯುತ್ತಾರೆ. ಇವರು 1922ರಲ್ಲಿ ಹುಟ್ಟಿದರು. ತಂದೆ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದಲ್ಲಿ ಬಹಳ ಮೊದಲೇ ಪದವಿ ಪಡೆದ ಹೆಂಗಸರಲ್ಲಿ ಒಬ್ಬರು. ಅಜ್ಜಿ ಓದಿದ್ದರೆ ಮೊಮ್ಮಗಳಿಗೆ ದಾರಿ ಸುಲಭವಾಗುತ್ತದೆ ಅಲ್ವಾ?

ರಾಜೇಶ್ವರಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಮೊದಲ ಸ್ಥಾನ ಪಡೆದರು. 1943ರಲ್ಲಿ ರಾಮನ್ ಅವರ ಹತ್ತಿರ ಸಂಶೋಧನೆ ಮಾಡಬೇಕೆಂದು ಕೇಳಿದಾಗ, ಭೌತಶಾಸ್ತ್ರದ ಪದವಿ ಇಲ್ಲ ಅಂತ ಅವರು ಒಪ್ಪಲಿಲ್ಲ. ಅದೇ ಸಂಸ್ಥೆಯ ವಿದ್ಯುತ್ ವಿಭಾಗದಲ್ಲಿ ಜಾಗ ಸಿಕ್ಕಿತು. ಅಲ್ಲಿ ಸೇರಿಕೊಂಡರು. ಒಂದು ಬಾಗಿಲು ಮುಚ್ಚಿದರೆ ಪಕ್ಕದ ಕೋಣೆಯ ಬಾಗಿಲು ನೋಡಿದರು. ಹೀಗೆ ಗಣಿತದ ಹುಡುಗಿ ಇಂಜಿನಿಯರ್ ಆದರು.

ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ಹೋದರು. ಆಗ ಅವರಿಗೆ 25 ವರ್ಷ, ಮದುವೆ ಆಗಿರಲಿಲ್ಲ. ಆ ಕಾಲದಲ್ಲಿ ಇದು ಎಷ್ಟು ದೊಡ್ಡ ಮಾತು ಅಂತ ನಮ್ಮ ಅಜ್ಜಿಯರನ್ನು ಕೇಳಿದರೆ ಗೊತ್ತಾಗುತ್ತದೆ. ಮಿಚಿಗನ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಪಿಎಚ್.ಡಿ. ಮುಗಿಸಿ ವಾಪಸ್ ಬಂದು, ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಅಲ್ಲೇ ಕೆಲಸ ಮಾಡುತ್ತಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾಗಿ, ಇಬ್ಬರೂ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. 1982ರ ತನಕ ಕಲಿಸಿದರು. 20 ಜನ ಇವರ ಕೈಕೆಳಗೆ ಪಿಎಚ್.ಡಿ. ಮಾಡಿದರು. 2010ರಲ್ಲಿ ತೀರಿಕೊಂಡರು. ಇವರ ಮಗಳೂ ಅಮೆರಿಕದಲ್ಲಿ ಇಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.

ಮೈಕ್ರೋವೇವ್ ಅಂದರೇನು? ಅದು ಕಣ್ಣಿಗೆ ಕಾಣದ ಒಂದು ಅಲೆ. ಮೊಬೈಲ್ ಟವರ್, ರಾಡಾರ್, ಉಪಗ್ರಹ ಎಲ್ಲದಕ್ಕೂ ಇದೇ ಬೇಕು. ಅಲೆಯ ಉದ್ದ ಹೀಗೆ ತಿಳಿಯಬಹುದು:

ಅಲೆಯ ಉದ್ದ = ವೇಗ ÷ ಒಂದು ಸೆಕೆಂಡಿಗೆ ಬರುವ ಅಲೆಗಳ ಸಂಖ್ಯೆ
ವೇಗ = ಸೆಕೆಂಡಿಗೆ 30 ಕೋಟಿ ಮೀಟರ್. ಅಲೆಗಳು = ಸೆಕೆಂಡಿಗೆ 100 ಕೋಟಿ.
30 ÷ 100 = 0.3 ಮೀಟರ್ = 30 ಸೆಂಟಿಮೀಟರ್.

ಅಂದರೆ ಸರಿಯಾಗಿ ನಮ್ಮ ದೊಡ್ಡ ಸ್ಕೇಲಿನಷ್ಟು ಉದ್ದ! ಈ ಅಲೆಗಳನ್ನು ಕಳಿಸಲು, ಹಿಡಿಯಲು ಆಂಟೆನಾ ಬೇಕು. ಅದರ ಅಳತೆ ಅಲೆಯ ಉದ್ದಕ್ಕೆ ಹೊಂದಬೇಕು. ರಾಜೇಶ್ವರಿಯವರು ಜೀವನಪೂರ್ತಿ ಮಾಡಿದ್ದು ಇಂಥ ಲೆಕ್ಕವೇ.

4. ಸುಧಾ ಮೂರ್ತಿ – "ಮಹಿಳೆಯರು ಬೇಡ" ಅನ್ನುವ ಬಾಗಿಲು

ಸೊರಬ ತಾಲ್ಲೂಕಿನ ಆನವಟ್ಟಿ ದಾಟಿದರೆ ಹಾನಗಲ್ ತಾಲ್ಲೂಕು, ಅದರಾಚೆ ಶಿಗ್ಗಾಂವಿ. ಸುಧಾ ಮೂರ್ತಿಯವರು 1950ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ಕಥೆಗಳನ್ನು ನಾವು ಓದಿದ್ದೇವೆ, ಆದರೆ ಅವರು ಇಂಜಿನಿಯರ್ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ತರಗತಿಗೆಲ್ಲ ಇವರೊಬ್ಬರೇ ಹುಡುಗಿ. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ ಅಂತ ಅವರೇ ಬರೆದಿದ್ದಾರೆ. ಆದರೂ ಒಳ್ಳೆಯ ಅಂಕ ಪಡೆದು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

1974ರಲ್ಲಿ ಟೆಲ್ಕೋ ಕಂಪನಿಯ ಕೆಲಸದ ಜಾಹೀರಾತು ನೋಡಿದರು. ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಅಂತ ಅದರಲ್ಲಿತ್ತು. ಸಿಟ್ಟು ಬಂದು, ಇದು ಸರಿಯೇ ಅಂತ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಟೆಲ್ಕೋದ ಮೊದಲ ಮಹಿಳಾ ಇಂಜಿನಿಯರ್ ಆದರು.

5. ಬಾಗಿಲು ತೆರೆದ ಮೇಲೆ

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದ ಟಿ.ಕೆ. ಅನುರಾಧಾ 1982ರಲ್ಲಿ ಇಸ್ರೋ ಸೇರಿದರು. 2011ರ ಜುಲೈ 15ರಂದು ಹಾರಿದ ಜಿಸ್ಯಾಟ್-12 ಉಪಗ್ರಹಕ್ಕೆ ಅವರೇ ಯೋಜನಾ ನಿರ್ದೇಶಕಿ. ಹಾರಿದ ಮೇಲೆ ಹಾಸನದ ನಿಯಂತ್ರಣ ಕೇಂದ್ರದಲ್ಲಿ ಕೂತು ಅದನ್ನು ಸರಿಯಾದ ಜಾಗಕ್ಕೆ ಏರಿಸುವ ಕೆಲಸದ ಮುಂದಾಳತ್ವ ವಹಿಸಿದವರೂ ಮಹಿಳೆಯರೇ. ಆ ಉಪಗ್ರಹ ಮಾತಾಡುವುದು ಮೈಕ್ರೋವೇವ್ ಅಲೆಗಳಲ್ಲಿ. 1933ರಲ್ಲಿ ಒಬ್ಬಳು ಹುಡುಗಿಗೆ ಒಳಗೆ ಬರಲು ಸತ್ಯಾಗ್ರಹ ಮಾಡಬೇಕಾಗಿತ್ತು. 78 ವರ್ಷದ ನಂತರ ಮಹಿಳೆಯರೇ ಉಪಗ್ರಹ ನಡೆಸಿದರು.

6. ನಮ್ಮ ಊರಿನ ಬಾಗಿಲು ಯಾವುದು?

ಬರುವ ವರ್ಷ ನಾವೆಲ್ಲ 8ನೇ ತರಗತಿಗೆ ಬೇರೆ ಊರಿಗೆ ಹೋಗಬೇಕು. ಹೋದ ವರ್ಷ ಏಳನೇ ಮುಗಿಸಿದ ಇಬ್ಬರು ಅಕ್ಕಂದಿರು ಹೋಗಲಿಲ್ಲ. ಅದರಲ್ಲಿ ಒಬ್ಬರು ಗಣಿತದಲ್ಲಿ ತರಗತಿಗೇ ಮೊದಲು. ಹಾಗಾದರೆ ಅವರನ್ನು ತಡೆದದ್ದು ಗಣಿತ ಅಲ್ಲ. ನಮ್ಮ ಮನೆಯಲ್ಲೂ ನನ್ನ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ನಮ್ಮ ಅಜ್ಜಿ ಕೇಳುವ ಪ್ರಶ್ನೆ ಒಂದೇ: "ಸಂಜೆ ಬಸ್ ತಪ್ಪಿದ್ರೆ ಏನ್ ಮಾಡ್ತೀಯೇ?" ಅಜ್ಜಿ ಕೇಳುವುದು ತಪ್ಪಲ್ಲ. ರಸ್ತೆಯಿಂದ ಊರಿಗೆ ನಡೆಯಬೇಕು, ಮಳೆಗಾಲದಲ್ಲಿ ಬೇಗ ಕತ್ತಲಾಗುತ್ತದೆ. ಆದರೆ ಇದು ಬಸ್ಸಿನ ಬಾಗಿಲು, ಬುದ್ಧಿಯ ಬಾಗಿಲಲ್ಲ. ಬಸ್ಸಿಗೆ ಉಪಾಯ ಹುಡುಕಬಹುದು.

ಇನ್ನೊಂದು ಬಾಗಿಲು ಅಡಿಕೆ ಸುಗ್ಗಿ. ರಾತ್ರಿ ತನಕ ಮೆಟ್ಟುಗತ್ತಿ ಮುಂದೆ ಕೂತವರು ಮನೆಪಾಠ ಯಾವಾಗ ಮಾಡಬೇಕು? ಅಡಿಕೆ ಸುಲಿಯುವ ಅಮ್ಮಂದಿರು ಇಷ್ಟು ಕೆ.ಜಿ.ಗೆ ಇಷ್ಟು ಕೂಲಿ ಅಂತ ಬಾಯಲ್ಲೇ ಲೆಕ್ಕ ಹೇಳುತ್ತಾರೆ. ಅವರಿಗೂ ಗಣಿತ ಬರುತ್ತದೆ, ಓದಲು ಅವಕಾಶ ಸಿಗಲಿಲ್ಲ ಅಷ್ಟೇ.

ಮೂರನೆಯ ಬಾಗಿಲು ನಮ್ಮ ತರಗತಿಯಲ್ಲೇ ಇದೆ. ಪ್ರಯೋಗ ಮಾಡುವಾಗ ಬ್ಯಾಟರಿ, ವೈರು, ಬಲ್ಬು ಜೋಡಿಸುವವರು ಹುಡುಗರು. ಫಲಿತಾಂಶ ಬರೆಯುವವರು, ಆಮೇಲೆ ಗಾಜಿನ ಲೋಟ ತೊಳೆಯುವವರು ಹುಡುಗಿಯರು. ಯಾರೂ ಹಾಗೆ ಮಾಡಿ ಅಂತ ಹೇಳಿಲ್ಲ, ತಾನಾಗೇ ಹಾಗೆ ಆಗಿಬಿಟ್ಟಿದೆ.

7. ನಾವು ಏನು ಮಾಡಬಹುದು?

ಅ) ಪ್ರಯೋಗದಲ್ಲಿ ಸರದಿ ಇರಲಿ. ಈ ವಾರ ಜೋಡಿಸಿದವರು ಮುಂದಿನ ವಾರ ಬರೆಯಲಿ, ತೊಳೆಯಲಿ. ಗುರುಗಳು ಇದಕ್ಕೊಂದು ಪಟ್ಟಿ ಮಾಡಿಕೊಡಬೇಕೆಂದು ವಿನಂತಿ.

ಆ) ಪ್ರೌಢಶಾಲೆಗೆ ಹೋಗುವವರು ಬಸ್ ನಿಲ್ದಾಣದಿಂದ ಊರಿಗೆ ಗುಂಪಾಗಿ ಬರೋಣ. ಅಣ್ಣಂದಿರೂ ಜೊತೆಗಿರಲಿ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಖಾಸಗಿ ಬಸ್ಸಿನಲ್ಲಿ ಮಾತ್ರ ದುಡ್ಡು ಕೊಡಬೇಕು. ನಮ್ಮೂರ ರಸ್ತೆಗೆ ಸಂಜೆ ಒಂದು ಸರ್ಕಾರಿ ಬಸ್ ಬೇಕು ಅಂತ ನಾವೆಲ್ಲ ಸಹಿ ಹಾಕಿ ಅರ್ಜಿ ಬರೆಯಬಹುದು. ಸುಧಾ ಮೂರ್ತಿಯವರು ಒಂದು ಕಾರ್ಡಿನಿಂದ ಕೆಲಸ ಪಡೆದರು, ನಮಗೆ ಒಂದು ಬಸ್ಸಾದರೂ ಸಿಗಬಹುದು.

ಇ) ಇಂಜಿನಿಯರ್ ಆಗಲು ಎರಡು ದಾರಿ ಇವೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಸಿ.ಇ.ಟಿ. ಬರೆಯುವುದು ಒಂದು. ಮೂರು ವರ್ಷದ ಡಿಪ್ಲೊಮಾ ಓದಿ, ಆಮೇಲೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವುದು ಇನ್ನೊಂದು. ಡಿಪ್ಲೊಮಾ ಮುಗಿದ ಕೂಡಲೇ ಕೆಲಸಕ್ಕೂ ಹೋಗಬಹುದು.

ಈ) ಹೆಣ್ಣುಮಕ್ಕಳ ತಾಂತ್ರಿಕ ಓದಿಗೆ ಪ್ರಗತಿ ವಿದ್ಯಾರ್ಥಿವೇತನ ಇದೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದು ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ ಸಿಗುತ್ತದೆ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಪಡೆಯಬಹುದು. ಇದನ್ನು ಮನೆಯಲ್ಲಿ ತಪ್ಪದೆ ಓದಿ ಹೇಳಿ.

ಉ) ಹುಡುಗರೇ, ಸುಗ್ಗಿಯಲ್ಲಿ ನೀರು ತರುವುದು, ಕಸ ಗುಡಿಸುವುದು ನೀವೂ ಮಾಡಿ. ಅಕ್ಕ ತಂಗಿಗೆ ದಿನಕ್ಕೆ ಒಂದು ಗಂಟೆ ಓದಲು ಸಿಕ್ಕರೂ ಸಾಕು.

ಕಠಿಣ ಪದಗಳ ಅರ್ಥ
ಷರತ್ತು – ಕರಾರು, ಕಟ್ಟುಪಾಡು
ಪ್ರಬಂಧ – ಸಂಶೋಧನೆಯನ್ನು ವಿವರಿಸುವ ದೊಡ್ಡ ಬರಹ
ಮಾಪಕ – ಅಳೆಯುವ ಸಾಧನ

ಯೋಚಿಸಿ ಉತ್ತರಿಸಿ
1. 5 ಗುಂಟೆ ಗದ್ದೆಗೆ 20 ಮಿ.ಮೀ. ಮಳೆ ಬಿದ್ದರೆ ಎಷ್ಟು ಲೀಟರ್ ನೀರು?
2. ಸೆಕೆಂಡಿಗೆ 200 ಕೋಟಿ ಅಲೆಗಳು ಬಂದರೆ ಒಂದು ಅಲೆಯ ಉದ್ದ ಎಷ್ಟು ಸೆಂಟಿಮೀಟರ್?
3. ನಿಮ್ಮ ಮನೆಯಲ್ಲಿ ಅಮ್ಮ, ಅಜ್ಜಿ, ಅತ್ತೆ ಎಷ್ಟನೇ ತರಗತಿಗೆ ಓದು ಬಿಟ್ಟರು? ಆಗ ಮುಚ್ಚಿದ್ದ ಬಾಗಿಲು ಯಾವುದು? ಕೇಳಿ ಬರೆದುಕೊಂಡು ಬನ್ನಿ.

(ಮೊದಲ ಎರಡು ಪ್ರಶ್ನೆಗಳ ಉತ್ತರ ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ. ಮೂರನೆಯದರ ಉತ್ತರ ನೀವೇ ತಂದು ಇಲ್ಲಿ ಅಂಟಿಸಿ.)