ಗಾಳ ಹಾಕುವ ಮೊದಲು ಪಂಚಾಂಗ ನೋಡಿ

ಗುರುಗ್ರಾಮದ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಜೂನ್‌ನಲ್ಲಿ. ನಮ್ಮ ಪಡುವಣ ಕಡಲು ಕೆರಳುವುದೂ ಅದೇ ಜೂನ್‌ನಲ್ಲಿ. ಕರಾವಳಿಯಿಂದ ಬಂದು ಗುರುಗ್ರಾಮದಲ್ಲಿ ನೆಲೆಸಿದ ಅಪ್ಪ-ಅಮ್ಮಂದಿರು ಮಕ್ಕಳಿಗೆ ಗಾಳ ಹಾಕುವುದನ್ನು ಕಲಿಸಲು ಹೊರಟು ಸೋಲುವುದು ಮೊದಲು ಇಲ್ಲೇ. ನಾನೂ ಸೋತವನೇ. ಮಗಳಿಗೆ ಏಳು ವರ್ಷವಿದ್ದಾಗ ಜೂನ್ ಎರಡನೇ ವಾರ ಹೊಸ ಗಾಳದ ಕೋಲು ಹೊತ್ತು ಕುಂದಾಪುರಕ್ಕೆ ಹೋಗಿದ್ದೆ. ಹತ್ತು ದಿನವೂ ಕೋಲು ಚೀಲದಿಂದ ಹೊರಗೆ ಬರಲಿಲ್ಲ. ಅವಳು ಕಂಡದ್ದು ಮಳೆ, ಕೆಂಪು ನೀರು, ಅಜ್ಜಿಯ ಅಟ್ಟದ ಮೇಲಿನ ಒಣಮೀನು.

ಆದ್ದರಿಂದ ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ, ದಿನ ಗೊತ್ತು ಮಾಡುವುದು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ದಡದಿಂದ ಗಾಳ ಹಾಕುವವರಿಗೆ ಆ ನಿಷೇಧ ತಟ್ಟುವುದಿಲ್ಲ, ನಿಜ. ಆದರೆ ದೊಡ್ಡ ದೊಡ್ಡ ಬೋಟುಗಳೇ ಬಂದರಿನಲ್ಲಿ ಕಟ್ಟಿಕೊಂಡು ಕೂತಿರುವ ಹೊತ್ತಿನಲ್ಲಿ ಮಗುವಿನ ಕೈ ಹಿಡಿದು ಅಲೆಯ ಬಾಯಿಗೆ ಹೋಗುವುದು ಬುದ್ಧಿವಂತರ ಕೆಲಸವಲ್ಲ. ಕಡಲು ತಣ್ಣಗಾಗುವುದು ಅಕ್ಟೋಬರ್ ಹೊತ್ತಿಗೆ. ಅಲ್ಲಿಂದ ಫೆಬ್ರುವರಿವರೆಗೆ ಗಾಳದ ಕಾಲ. ಗುರುಗ್ರಾಮದವರಿಗೆ ಇದರೊಳಗೆ ಎರಡು ಕಿಂಡಿಗಳಿವೆ: ದಸರಾ-ದೀಪಾವಳಿಯ ರಜೆ, ಮತ್ತು ಹರಿಯಾಣದ ಶಾಲೆಗಳಿಗೆ ಸಾಮಾನ್ಯವಾಗಿ ಜನವರಿ 1ರಿಂದ 15ರವರೆಗೆ ಸಿಗುವ ಚಳಿಗಾಲದ ರಜೆ. ದೀಪಾವಳಿಯ ಹೊತ್ತಿಗೆ ದೆಹಲಿಯ ಹೊಗೆಯಿಂದ ತಪ್ಪಿಸಿಕೊಂಡಂತೆಯೂ ಆಯಿತು.

ಇನ್ನು ದಿನದೊಳಗಿನ ಗಳಿಗೆ. ಅಡುಗೆಮನೆಯಲ್ಲಿ ಊರಿನಿಂದ ಬಂದ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿದ್ದರೆ ಮೊದಲ ಲೆಕ್ಕಕ್ಕೆ ಅದೇ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ-ಇಳಿತ ಜೋರು. ಅಷ್ಟಮಿಯ ಸುತ್ತಮುತ್ತ ನೀರಿನ ಏರಿಳಿತ ಕಡಿಮೆ, ಸೆಳೆತವೂ ಕಡಿಮೆ. ಮಗು ಹೊಸದಾಗಿ ಕಲಿಯುತ್ತಿದ್ದರೆ ಅಷ್ಟಮಿಯ ಮಗ್ಗುಲಿನ ದಿನಗಳನ್ನೇ ಆರಿಸಿ. ಒಂದು ಭರತದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಸಮಯ ಹಿಡಿಯುತ್ತದೆ. ಇವತ್ತಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನೀರು ಏರುವಾಗ ಮೀನೂ ದಡದತ್ತ ಮೇಯಲು ಬರುತ್ತದೆ. ಭರತಕ್ಕೆ ಎರಡು ಗಂಟೆ ಮೊದಲಿನಿಂದ ಅದು ಕಳೆದು ಒಂದು ಗಂಟೆಯವರೆಗೆ ಒಳ್ಳೆಯ ಹೊತ್ತು. ಭರತ ಬೆಳಿಗ್ಗೆ ಎಂಟು-ಒಂಬತ್ತಕ್ಕೆ ಬೀಳುವ ದಿನವನ್ನು ಮೊಬೈಲಿನಲ್ಲಿ ಹುಡುಕಿಟ್ಟುಕೊಂಡು ಆಮೇಲೆ ಟಿಕೆಟ್ ಮಾಡಿ. ನಗಬೇಡಿ, ನಮ್ಮ ಮನೆಯಲ್ಲಿ ಈಗ ಹೀಗೇ ನಡೆಯುವುದು.

ಏನೇನು ಬೇಕು

ಬೇಕಾದ್ದಕ್ಕಿಂತ ಹೆಚ್ಚು ಕೊಳ್ಳುವುದು ಮಹಾನಗರದವರ ರೋಗ. ಹನ್ನೆರಡು ಅಡಿಯ ಕೋಲು ಮಗುವಿನ ಕೈಗೆ ಭಾರ, ವಿಮಾನಕ್ಕೂ ಭಾರ. ಏಳು ಅಡಿಯ, ಒಂದರೊಳಗೊಂದು ಸೇರಿಕೊಳ್ಳುವ ಕೋಲು, ಅದಕ್ಕೊಪ್ಪುವ ಚಿಕ್ಕ ಸ್ಪಿನ್ನಿಂಗ್ ರೀಲು, ಸುಮಾರು 0.30 ಮಿಲಿಮೀಟರ್ ದಪ್ಪದ ನೈಲಾನ್ ದಾರ, ಇಪ್ಪತ್ತರಿಂದ ನಲವತ್ತು ಗ್ರಾಂವರೆಗಿನ ಸೀಸದ ಗುಂಡುಗಳು, ಆರು ಅಥವಾ ಎಂಟನೇ ನಂಬರಿನ ಉದ್ದ ಕಾಲಿನ ಗಾಳದ ಕೊಕ್ಕೆಗಳು. ಕೊಕ್ಕೆಯ ನಂಬರು ಹೆಚ್ಚಿದಷ್ಟೂ ಗಾತ್ರ ಕಿರಿದು ಎಂಬುದು ನೆನಪಿರಲಿ. ನಾನು ಮೊದಲ ಸಲ ತಿರುಗಾಮುರುಗ ತಿಳಿದು ತಿಮಿಂಗಿಲಕ್ಕೆ ಸಾಲುವಷ್ಟು ದೊಡ್ಡದನ್ನು ತರಿಸಿದ್ದೆ. ಜೊತೆಗೊಂದು ಇಕ್ಕಳ, ಒದ್ದೆ ಬಟ್ಟೆ, ಮುಚ್ಚಳವಿರುವ ಖಾಲಿ ಬಾಟಲಿ. ಮಗುವಿನ ಅಳತೆಯ ಲೈಫ್ ಜಾಕೆಟ್ಟಿಗೆ ಮಾತ್ರ ಜಿಪುಣತನ ಬೇಡ.

ಕೋಲೇ ಇಲ್ಲದೆಯೂ ಆಗುತ್ತದೆ. ನಮ್ಮ ದೊಡ್ಡಪ್ಪ ಬದುಕಿಡೀ ಗಾಳ ಹಾಕಿದ್ದು ಬಾಟಲಿಗೆ ಸುತ್ತಿದ ನೈಲಾನ್ ದಾರದಲ್ಲಿ. ಬೆರಳಿಗೆ ದಾರ ತಾಗಿಸಿಕೊಂಡು ಕೂತರೆ ಮೀನು ಮುಟ್ಟಿದ್ದು ಕೋಲಿಗಿಂತ ಬೇಗ ತಿಳಿಯುತ್ತದೆ. ಆದರೆ ಎಳೆ ಬೆರಳನ್ನು ಆ ದಾರ ಕುಯ್ಯಬಹುದು. ಹತ್ತು ವರ್ಷ ದಾಟಲಿ.

ವಿಮಾನದಲ್ಲಿ ಹೋಗುವುದಾದರೆ ಕೊಕ್ಕೆ, ಇಕ್ಕಳ, ಕೋಲು ಎಲ್ಲವೂ ಚೆಕ್-ಇನ್ ಸಾಮಾನಿನಲ್ಲಿರಲಿ. ಕೋಲನ್ನು ಪ್ಲಂಬರ್ ಬಳಿ ಸಿಗುವ ಪಿವಿಸಿ ಪೈಪಿನೊಳಗೆ ಇಟ್ಟರೆ ಮುರಿಯುವ ಭಯವಿಲ್ಲ. ಪುರುಸೊತ್ತಿದ್ದವರು ಹಜರತ್ ನಿಜಾಮುದ್ದೀನ್‌ನಿಂದ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಹತ್ತಬಹುದು. ಕೊಂಕಣ ರೈಲ್ವೆಯ ಹಳಿ ಹಿಡಿದು ಕಾರವಾರ, ಉಡುಪಿಗೆ ತಂದು ಬಿಡುತ್ತದೆ. ರೈಲಿನಲ್ಲಿ ಕೂತು ಗಂಟು ಹಾಕುವುದನ್ನು ಕಲಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಗಂಟು ಹೀಗೆ: ಕೊಕ್ಕೆಯ ಕಣ್ಣಿನೊಳಗೆ ದಾರ ತೂರಿಸಿ, ತುದಿಯನ್ನು ಉದ್ದ ದಾರದ ಸುತ್ತ ಐದಾರು ಸುತ್ತು ಸುತ್ತಿ, ಕಣ್ಣಿನ ಪಕ್ಕದಲ್ಲೇ ಉಳಿದ ಸಣ್ಣ ಕುಣಿಕೆಯೊಳಗೆ ತುದಿ ತೂರಿಸಿ, ಆಗ ಹುಟ್ಟುವ ದೊಡ್ಡ ಕುಣಿಕೆಯೊಳಗೂ ಒಮ್ಮೆ ತೂರಿಸಿ. ಎಂಜಲು ಹಚ್ಚಿ ಮೆಲ್ಲಗೆ ಬಿಗಿಯಿರಿ. ಒಣ ದಾರವನ್ನು ಗಬಕ್ಕನೆ ಎಳೆದರೆ ಉಜ್ಜಿ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಕಲಿಸುವಾಗ ಕೊಕ್ಕೆಯ ಬದಲು ಬೀಗದಕೈಯ ರಿಂಗು ಬಳಸಿ.

ಸೊಸೈಟಿಯ ಹುಲ್ಲಿನ ಮೇಲೆ

ಸಮುದ್ರಕ್ಕೆ ಹೋಗಿ ಎಸೆಯಲು ಕಲಿಯುವುದೆಂದರೆ ರಜೆಯ ಎರಡು ದಿನ ಹಾಳು ಮಾಡಿಕೊಂಡಂತೆ. ಎಸೆತ ಗುರುಗ್ರಾಮದಲ್ಲೇ ಕಲಿಯಬಹುದು. ಕೊಕ್ಕೆ ಇಲ್ಲ, ಸೀಸವೂ ಇಲ್ಲ. ದಾರದ ತುದಿಗೆ ಹಳೆಯ ರಬ್ಬರ್ ಚೆಂಡಿನ ಚೂರು ಕಟ್ಟಿ. ಹದಿನೈದು ಹೆಜ್ಜೆ ಆಚೆ ಒಂದು ಬಕೆಟ್ ಇಡಿ. ತೋರುಬೆರಳಲ್ಲಿ ದಾರ ಹಿಡಿದು, ರೀಲಿನ ಕಂಬಿ ಎತ್ತಿ, ಹಿಂದೆ ಯಾರೂ ಇಲ್ಲವೆಂದು ತಿರುಗಿ ನೋಡಿ, ಬಾಯಲ್ಲಿ ‘ಹಿಂದೆ ಖಾಲಿ’ ಎಂದು ಹೇಳಿ, ಕೋಲು ತಲೆಯ ಮೇಲಿಂದ ಮುಂದೆ ಬಂದಾಗ ಬೆರಳು ಬಿಡಬೇಕು. ಆ ‘ಹಿಂದೆ ಖಾಲಿ’ ಅಭ್ಯಾಸವಾಗದ ಹೊರತು ಕೊಕ್ಕೆ ಕಟ್ಟಬೇಡಿ. ನಮ್ಮ ಸೊಸೈಟಿಯ ಕಾವಲುಗಾರರು ಮೂರು ದಿನ ನೋಡಿ ನಾಲ್ಕನೇ ದಿನ, ಇಲ್ಲಿ ಮೀನೆಲ್ಲಿದೆ ಸಾಬ್, ಎಂದು ಕೇಳಿದರು. ಅವರದೇನು ತಪ್ಪು? ಇಲ್ಲಿಂದ ಸಮುದ್ರಕ್ಕೆ ಹೋಗಬೇಕೆಂದರೆ ಇಡೀ ರಾಜಸ್ಥಾನವನ್ನು ದಾಟಿ ಗುಜರಾತಿಗೆ ಹೋಗಬೇಕು. ಹತ್ತಿರದಲ್ಲೇ ನೀರು ಬೇಕೆಂದು ಕೋಲು ಹಿಡಿದು ಸುಲ್ತಾನ್‌ಪುರದ ಜೌಗಿಗೆ ಮಾತ್ರ ಹೋಗಬೇಡಿ. ಅದು ರಾಷ್ಟ್ರೀಯ ಉದ್ಯಾನ, 2021ರಿಂದ ರಾಮ್ಸರ್ ತಾಣವೂ ಹೌದು. ಅಲ್ಲಿ ಮೀನು ಹಿಡಿಯುವ ಹಕ್ಕು ಕೊಕ್ಕರೆಗಳಿಗಷ್ಟೇ.

ಎಲ್ಲಿ ನಿಲ್ಲಬೇಕು

ಪಡುಬಿದ್ರಿ, ಕಾಸರಕೋಡಿನಂಥ ಬ್ಲೂ ಫ್ಲ್ಯಾಗ್ ಕಡಲತೀರಗಳಲ್ಲಿ, ಮಲ್ಪೆಯ ಜನಜಂಗುಳಿಯಲ್ಲಿ ಕೊಕ್ಕೆ ಬೀಸುವುದು ಬೇಡ. ಈಜುವವರಿರುವ ಕಡೆ ಗಾಳಕ್ಕೇನು ಕೆಲಸ? ಬಂದರಿನ ಕಲ್ಲಿನ ತಡೆಗೋಡೆಯ ಮೇಲೆ ದೊಡ್ಡವರು ಸಾಲಾಗಿ ನಿಂತಿರುತ್ತಾರೆ, ಮೀನೂ ಸಿಗುತ್ತದೆ. ಆದರೆ ಪಾಚಿಗಟ್ಟಿದ ಆ ಕಲ್ಲುಗಳು ಮಕ್ಕಳಿಗಲ್ಲ. ಅಳಿವೆಯ ಬಾಯಿಗಂತೂ ಹೋಗಲೇಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರು ಕಡಲಿಗೆ ನುಗ್ಗುವ ರಭಸ ದಡದಿಂದ ತಿಳಿಯುವುದಿಲ್ಲ.

ನನಗೆ ಇಷ್ಟವಾದವು ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಮರಳ ಪಟ್ಟಿಗಳು: ಮಲ್ಪೆಯ ತೆಂಕಣ ಪಡುಕೆರೆ, ಕೋಡಿಬೆಂಗ್ರೆ, ಮಂಗಳೂರಿನ ತಣ್ಣೀರುಬಾವಿ. ಕಡಲು ಒರಟಾಗಿದ್ದರೆ ರಸ್ತೆ ದಾಟಿ ಹೊಳೆಯ ಬದಿಗೆ ಹೋಗಿ, ಅಳಿವೆಯಿಂದ ದೂರದ ನಿಂತ ನೀರಿನಲ್ಲಿ ಗಾಳ ಹಾಕಬಹುದು. ಮಗುವಿಗೆ ಮೊದಲ ದಿನ ಅಲ್ಲೇ ಆರಂಭಿಸಿದರೂ ಒಳ್ಳೆಯದೇ.

ದಡಕ್ಕೆ ಬಂದ ಕೂಡಲೇ ಕೋಲು ಬಿಚ್ಚಬೇಡಿ. ಹತ್ತು ನಿಮಿಷ ಕೂತು ತೆರೆ ನೋಡಿ. ಬಿಳಿ ನೊರೆಯಾಗಿ ಒಡೆಯುವ ಕಡೆ ಕೆಳಗೆ ಮರಳ ದಿಣ್ಣೆಯಿದೆ. ತೆರೆ ಒಡೆಯದೆ ನೀರು ಕಪ್ಪಗೆ ಕಾಣುವ ಕಡೆ ತಗ್ಗಿದೆ. ಮೀನು ಮೇಯುವುದು ಆ ತಗ್ಗಿನ ಅಂಚಿನಲ್ಲಿ. ಆದರೆ ಇಲ್ಲೊಂದು ಮೋಸವಿದೆ: ಎರಡು ನೊರೆಯ ನಡುವೆ ಶಾಂತವಾಗಿ ಕಾಣುವ ಆ ಕಪ್ಪು ದಾರಿಯೇ ಎಷ್ಟೋ ಸಲ ದಡಕ್ಕೆ ಬಂದ ನೀರು ವಾಪಸು ಹೋಗುವ ಸೆಳೆತದ ದಾರಿ. ಒಳನಾಡಿನಿಂದ ಬಂದವರಿಗೆ ಅದೇ ನೀರಿಗಿಳಿಯಲು ಸುರಕ್ಷಿತ ಜಾಗದಂತೆ ಕಾಣುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ಅದು ಮಳೆಗಾಲವಲ್ಲ, ಪ್ರವಾಸದ ಕಾಲ. ಹಾಗಾಗಿ ಗಾಳವನ್ನು ಕಪ್ಪು ನೀರಿನ ಅಂಚಿಗೆ ಎಸೆಯಿರಿ, ಮಗುವನ್ನು ಅದರಿಂದ ದೂರ, ಪಕ್ಕದ ಒದ್ದೆ ಮರಳಿನ ಮೇಲೆ ನಿಲ್ಲಿಸಿ. ನೀರು ಕಣಕಾಲು ಮೀರಬಾರದು. ಒಂದು ಮಗುವಿಗೆ ಒಬ್ಬರು ದೊಡ್ಡವರು, ಆ ದೊಡ್ಡವರ ಕೈಯಲ್ಲಿ ಕೋಲೂ ಇರಬಾರದು, ಮೊಬೈಲೂ ಇರಬಾರದು. ಹೊರಡುವ ಮೊದಲು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಹೊರಡಿಸುವ ಎತ್ತರದ ಅಲೆಗಳ ಎಚ್ಚರಿಕೆ ನೋಡಿ. ಆಮೇಲೆ ದಡದಲ್ಲಿರುವ ಮೀನುಗಾರರನ್ನು ಕೇಳಿ. ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಕೋಲು ಮಡಚಿ.

ಎದುರಿಗೆ ದಡದಿಂದ ಎಳೆಯುವ ಕೈರಂಪಣಿ ಬಲೆ ಬಿಟ್ಟಿದ್ದರೆ ಜಾಗ ಬಿಟ್ಟು ನಿಲ್ಲುವುದು ಮರ್ಯಾದೆ. ಊರೆಲ್ಲ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ, 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಮರೆಯಾಯಿತು. ಉಳಿದದ್ದು ಈ ಚಿಕ್ಕದು. ಕೇಳಿದರೆ ಮಗುವಿಗೂ ಹಗ್ಗ ಹಿಡಿಯಲು ಕೊಡುತ್ತಾರೆ. ನನ್ನ ಮಗಳಿಗೆ ಅವತ್ತು ಗಾಳ ಮರೆತೇ ಹೋಯಿತು.

ಎರೆ, ಎಸೆತ, ಎಳೆತ

ಎರೆಗೆ ತಾಜಾ ಸಿಗಡಿಯಷ್ಟು ಸುಲಭದ್ದು ಇನ್ನೊಂದಿಲ್ಲ. ಸಿಪ್ಪೆ ಸುಲಿದು ಬೆರಳುಗುರಿನಷ್ಟು ತುಂಡು ಮಾಡಿ, ಕೊಕ್ಕೆಯ ತುದಿ ಮಾತ್ರ ಚೂರು ಕಾಣುವಂತೆ ಸಿಕ್ಕಿಸಿ. ಅಲೆಯ ಅಬ್ಬರಕ್ಕೆ ಸಿಗಡಿ ಕಳಚಿ ಹೋಗುತ್ತಿದ್ದರೆ ಬೊಂಡಾಸಿನ (ಸ್ಕ್ವಿಡ್) ಸಣ್ಣ ಪಟ್ಟಿ ಹಾಕಿ, ಅದು ಗಟ್ಟಿ. ಮರುವಾಯಿ ಚಿಪ್ಪಿನ ಮಾಂಸಕ್ಕೂ ಮೀನು ಬರುತ್ತದೆ. ಕಟ್ಟುವ ಮೊದಲೇ ಇಕ್ಕಳದಿಂದ ಕೊಕ್ಕೆಯ ಹಿಮ್ಮುಳ್ಳನ್ನು ಅದುಮಿಬಿಡಿ. ಒಂದೆರಡು ಮೀನು ತಪ್ಪಿಸಿಕೊಳ್ಳಬಹುದು. ಆದರೆ ಕೊಕ್ಕೆ ಮಗುವಿನ ಬೆರಳಿಗೆ ಹೊಕ್ಕರೆ ಬಂದ ದಾರಿಯಲ್ಲೇ ಹೊರಬರುತ್ತದೆ.

ಎಸೆತದ ವಿಷಯದಲ್ಲಿ ನನಗೆ ಪಾಠ ಕಲಿಸಿದ್ದು ಕುಂದಾಪುರದ ಕೋಡಿಯ ದಡದಲ್ಲಿ ಬೀಸು ಬಲೆ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ ಒಬ್ಬ ಹಿರಿಯರು. ನಾನು ಮೈಯೆಲ್ಲ ಬಳಸಿ ಎಸೆಯುವುದನ್ನು ಸ್ವಲ್ಪ ಹೊತ್ತು ನೋಡಿ, “ಹ್ವಾಯ್, ಅಷ್ಟ್ ದೂರ ಎಂತಕ್ಕೆ ಬಿಸಾಡ್ತ್ರಿ? ಮೀನ್ ಇಲ್ಲೇ ಇತ್ತಲೆ” ಎಂದು ಕಾಲ ಬುಡವನ್ನು ತೋರಿಸಿ ನಡೆದರು. ಅವರು ಹೇಳಿದ್ದು ಕಾಣೆಯ ಬಗ್ಗೆ. ಮೊದಲ ನೊರೆಯ ಹಿಂದಿನ ತಗ್ಗಿನಲ್ಲಿ, ಮರಳು ಕೆದಕಿ ಹುಳುಹುಪ್ಪಟೆ ತಿನ್ನುವ ಮೀನು ಅದು. ದಡದಿಂದ ಹತ್ತು-ಹದಿನೈದು ಮೀಟರ್ ಸಾಕು. ಎಂದರೆ, ಸೊಸೈಟಿಯ ಬಕೆಟ್ಟಿನಷ್ಟೇ ದೂರ. ಮಕ್ಕಳ ಎಸೆತ ಬೀಳುವುದೂ ಸರಿಯಾಗಿ ಅಲ್ಲಿಗೇ. ಅವತ್ತು ನನಗೆ ಒಂದೂ ಬೀಳಲಿಲ್ಲ, ಮಗಳಿಗೆ ಮೂರು ಬಿದ್ದವು.

ಎಸೆದ ಮೇಲೆ ಸಡಿಲ ದಾರ ಸುತ್ತಿಕೊಂಡು ಬಿಗಿ ಮಾಡಿ, ಆಗಾಗ ಎರಡು ಸುತ್ತು ನಿಧಾನ ಎಳೆಯುತ್ತಿರಿ. ಸೀಸ ಮರಳಿನಲ್ಲಿ ಜಾರುವಾಗ ಏಳುವ ಧೂಳಿಗೆ ಕಾಣೆ ಹತ್ತಿರ ಬರುತ್ತದೆ. ಟುಕ್ ಟುಕ್ ಎಂದು ಎರಡು ಸಣ್ಣ ಪೆಟ್ಟು ತುದಿಯಲ್ಲಿ ಕಂಡರೆ ಮಗು ಕೋಲನ್ನು ಆಕಾಶಕ್ಕೆ ಜಗ್ಗುವುದು ಖಂಡಿತ. ಬೇಡವೆಂದು ಹೇಳಿಕೊಡಿ. ಕೋಲು ತುಸು ಎತ್ತಿ, ಸುತ್ತುತ್ತಾ ಬಂದರೆ ಸಾಕು. ಕೊನೆಯ ಎಳೆತವನ್ನು ತೆರೆಗೆ ಬಿಡಬೇಕು. ದಡಕ್ಕೆ ಬರುವ ನೀರಿನೊಂದಿಗೆ ಮೀನನ್ನು ತನ್ನಿ, ಮರಳುವ ನೀರಿಗೆದುರಾಗಿ ಎಳೆದರೆ ಬಾಯಿ ಹರಿದು ತಪ್ಪಿಸಿಕೊಳ್ಳುತ್ತದೆ.

ಮುಟ್ಟುವ ಮೊದಲು ಗುರುತಿಸಿ

ಬಿದ್ದ ಮೀನನ್ನೆಲ್ಲ ಮಗು ಓಡಿ ಹೋಗಿ ಹಿಡಿಯಬಾರದು. ಮೀಸೆಯಿರುವ ತೇಡೆ ಮೀನಿಗೆ ಬೆನ್ನಿನಲ್ಲೊಂದು, ಎರಡೂ ಪಕ್ಕದ ರೆಕ್ಕೆಗಳಲ್ಲಿ ಒಂದೊಂದು ವಿಷದ ಮುಳ್ಳಿದೆ. ಚಪ್ಪಟೆ ತೊರಕೆ ಮೀನಿನ ಮುಳ್ಳು ಬಾಲದಲ್ಲಿ. ಅದು ಆಳವಿಲ್ಲದ ನೀರಿನ ಮರಳಿನಲ್ಲಿ ಹುದುಗಿರುತ್ತದೆ, ಆದ್ದರಿಂದ ನೀರಿನಲ್ಲಿ ಪಾದ ಎತ್ತಿ ಇಡದೆ ಮರಳಿನ ಮೇಲೆ ಸವರಿಕೊಂಡು ನಡೆಯಬೇಕು, ಸದ್ದಿಗೆ ಸರಿದು ಹೋಗುತ್ತದೆ. ಮುಳ್ಳು ಚುಚ್ಚಿದರೆ ಗಾಯ ತೊಳೆದು, ತಾಳಿಕೊಳ್ಳುವಷ್ಟು ಬಿಸಿಯಾದ, ಸುಡದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮುಳುಗಿಸಿಡಿ. ಆ ವಿಷ ಶಾಖಕ್ಕೆ ಕೆಡುವಂಥದ್ದು. ನೀರಿನ ಬಿಸಿಯನ್ನು ದೊಡ್ಡವರು ತಮ್ಮ ಕೈಯಲ್ಲಿ ನೋಡಿಯೇ ಮಗುವಿನ ಕೈ ಇಡಬೇಕು. ಗಾಯ ಆಳವಾಗಿದ್ದರೆ, ಮುಳ್ಳು ಒಳಗೆ ಉಳಿದಿದ್ದರೆ, ಎದೆ ಹೊಟ್ಟೆಗೆ ಚುಚ್ಚಿದ್ದರೆ ಕಾಯದೆ ಆಸ್ಪತ್ರೆಗೆ. ಫ್ಲಾಸ್ಕಿನಲ್ಲಿ ಚಹಾ ಒಯ್ಯುವವರು ಇನ್ನೊಂದರಲ್ಲಿ ಬಿಸಿನೀರು ಒಯ್ಯಿರಿ. ಮುಟ್ಟಿದರೆ ಚೆಂಡಿನಂತೆ ಹೊಟ್ಟೆ ಊದಿಸಿಕೊಳ್ಳುವ ಮೀನು ನೋಡಲು ಚಂದ, ತಿನ್ನಲು ವಿಷ. ಇಕ್ಕಳದಿಂದ ಕೊಕ್ಕೆ ಬಿಡಿಸಿ ನೀರಿಗೆ ಬಿಡಿ.

ಗೇಣಿಗಿಂತ ಚಿಕ್ಕ ಕಾಣೆಯನ್ನು ನಾವು ವಾಪಸು ಬಿಡುತ್ತೇವೆ. ಗೇಣು ಮಗಳದ್ದಲ್ಲ, ನನ್ನದು. ಅದಕ್ಕೊಂದು ದೊಡ್ಡ ಜಗಳವೇ ಆಗಿ ಇತ್ಯರ್ಥವಾಗಿದೆ. ಬಿಡುವಾಗ ಕೈ ಒದ್ದೆಯಿರಲಿ, ಒಣ ಕೈ ಮೀನಿನ ಲೋಳೆಯನ್ನು ಕಿತ್ತುಬಿಡುತ್ತದೆ. ಇಟ್ಟುಕೊಂಡ ಮೀನನ್ನು ಐಸಿಗೆ ಹಾಕಿ. ಆಮೇಲಿನದು ಅಜ್ಜಿಯ ಕಾವಲಿಗೆ ಬಿಟ್ಟದ್ದು. ಸೀಸ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ತಿಂಡಿ ಕೊಡಬೇಡಿ.

ಸಿಕ್ಕುಬಿದ್ದು ಕತ್ತರಿಸಿದ ದಾರದ ಒಂದೊಂದು ತುಂಡೂ ಆ ಮುಚ್ಚಳದ ಬಾಟಲಿಗೆ ಹೋಗಲಿ. ಚಳಿಗಾಲದಲ್ಲಿ ಇದೇ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಕಾಲಿಗೆ ನೈಲಾನ್ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಅವಕ್ಕೆ ಕೈಯಿಲ್ಲ.

ಮನೆಗೆ ಬಂದ ದಿನವೇ ಕೋಲು, ರೀಲು ಎರಡನ್ನೂ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ನೆರಳಿನಲ್ಲಿ ಒಣಗಿಸಿ, ಹಿಡಿಕೆಯ ಸಂದಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ನಾಳೆ ಮಾಡೋಣವೆಂದು ಉಪ್ಪಿನ ಸಮೇತ ಸೂಟ್‌ಕೇಸಿಗೆ ತುರುಕಿದರೆ, ಗುರುಗ್ರಾಮದಲ್ಲಿ ಮುಂದಿನ ದಸರಾಕ್ಕೆ ಹೊರತೆಗೆದಾಗ ರೀಲಿನ ಹಿಡಿಕೆ ಅಲ್ಲಾಡುವುದಿಲ್ಲ. ನಮ್ಮ ಮೊದಲ ರೀಲು ಈಗ ಮಗಳ ಪುಸ್ತಕದ ಕಪಾಟಿನಲ್ಲಿ ಪುಸ್ತಕಗಳು ಬೀಳದಂತೆ ಒತ್ತು ಕೊಟ್ಟು ಕೂತಿದೆ.