ಹೊಲಿಗೆಯ ಕಲೆ ಉಬ್ಬಿದಾಗ: ಸಿಲಿಕೋನ್ ಜೆಲ್ ಹಾಳೆಯ ಉಪಯೋಗ

ಸಿಸೇರಿಯನ್ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ತಾಯಿಯು ಮನೆಗೆ ಬರುವಾಗ ಅವಳ ಹೊಟ್ಟೆಯ ಮೇಲಿನ ಹೊಲಿಗೆಯ ಗುರುತು ಸಾಮಾನ್ಯವಾಗಿ ತೆಳುವಾದ ಗೆರೆಯಂತಿರುತ್ತದೆ. ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಕೆಲವರಲ್ಲಿ ಆ ಗೆರೆಯು ಕೆಂಪಾಗಿ, ಗಟ್ಟಿಯಾಗಿ, ಹುರಿಹಗ್ಗದಂತೆ ಉಬ್ಬಿ ನಿಲ್ಲುತ್ತದೆ. ತುರಿಕೆಯೂ ಚುಚ್ಚಿದಂತಹ ನೋವೂ ಕಾಣಿಸಿಕೊಳ್ಳುತ್ತವೆ. ಆಗ ಮನೆಯಲ್ಲಿ ಮಾತು ಹುಟ್ಟುತ್ತದೆ. ಹೊಲಿಗೆ ಸರಿಯಾಗಿ ಹಾಕಲಿಲ್ಲವೆಂದು ಕೆಲವರು, ಬಾಣಂತಿ ಪಥ್ಯ ಕೆಡಿಸಿದಳೆಂದು ಕೆಲವರು ಹೇಳುತ್ತಾರೆ. ತಾಯಿಯಾದವಳು ನಾಚಿಕೆಯಿಂದ ಪತಿಗೂ ಹೇಳದೆ ಸೆರಗಿನಲ್ಲಿ ಮುಚ್ಚಿಕೊಂಡು ತಿರುಗುವುದುಂಟು. ಇದರಲ್ಲಿ ಆಕೆಯ ತಪ್ಪೇನೂ ಇಲ್ಲವೆಂಬುದನ್ನು ಪತಿಯೂ ಅತ್ತೆಯೂ ಮೊದಲು ತಿಳಿಯಬೇಕು.

ಗಾಯವು ಮಾಯುವಾಗ ಚರ್ಮವು ಸೀಳಿದ ಅಂಚುಗಳನ್ನು ಬೆಸೆಯಲು ನಾರಿನಂತಹ ಪದಾರ್ಥವನ್ನು ಉತ್ಪಾದಿಸುತ್ತದೆ. ಸಾಕಷ್ಟು ಆದ ಮೇಲೆ ಈ ಕೆಲಸವು ತಾನಾಗಿಯೇ ತಗ್ಗಬೇಕು. ಕೆಲವರ ದೇಹದಲ್ಲಿ ಅದು ಬೇಗನೆ ತಗ್ಗುವುದಿಲ್ಲ. ಹೆಚ್ಚಾದ ನಾರು ಉಬ್ಬಾಗಿ ಕಾಣುತ್ತದೆ. ಗಾಯ ಕೀವಾಗಿ ತಡವಾಗಿ ಮಾಯ್ದಿದ್ದರೆ ಅಥವಾ ಚರ್ಮದ ಮೇಲೆ ಎಳೆತವಿದ್ದರೆ ಇದು ಹೆಚ್ಚು. ವಂಶದ ಗುಣವೂ ಕಾರಣವಾಗಬಹುದು. ಉಬ್ಬು ಗಾಯದ ಗೆರೆಯೊಳಗೇ ಉಳಿದಿದ್ದರೆ ವರ್ಷ, ಎರಡು ವರ್ಷಗಳಲ್ಲಿ ತಾನಾಗಿ ತಗ್ಗುವ ಸಂಭವವುಂಟು. ಗೆರೆಯನ್ನು ದಾಟಿ ಸುತ್ತಲಿನ ಒಳ್ಳೆಯ ಚರ್ಮಕ್ಕೂ ಹಬ್ಬಿದರೆ ಅದನ್ನು ಕೀಲಾಯ್ಡ್ ಎನ್ನುತ್ತಾರೆ. ಅದು ತಾನಾಗಿ ಹೋಗುವುದು ವಿರಳ. ಕೇವಲ ಕತ್ತರಿಸಿ ತೆಗೆಸಿದರೆ ಮೊದಲಿಗಿಂತ ದೊಡ್ಡದಾಗಿ ಮರಳಬಹುದಾದ್ದರಿಂದ ಚರ್ಮರೋಗ ತಜ್ಞರು ಬಹುಮಟ್ಟಿಗೆ ಉಬ್ಬಿನೊಳಕ್ಕೇ ಚುಚ್ಚುಮದ್ದು ಕೊಡುತ್ತಾರೆ. ಕೀಲಾಯ್ಡ್ ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ.

ಗೇರೆಣ್ಣೆ ಹಚ್ಚುವುದು, ಸುಣ್ಣ ಬಳಿಯುವುದು, ಕಾದ ಕಬ್ಬಿಣದಿಂದ ಬರೆ ಹಾಕುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಇವೆಲ್ಲ ಚರ್ಮವನ್ನು ಸುಡುತ್ತವೆ. ಸುಟ್ಟ ಚರ್ಮವು ಮಾಯಲು ಮತ್ತೆ ನಾರನ್ನೇ ಉತ್ಪಾದಿಸಬೇಕು. ಹೀಗಾಗಿ ಉಬ್ಬಿದ ಕಲೆಯ ಮೇಲೆ ಮತ್ತೊಂದು ಉಬ್ಬಿದ ಕಲೆ ಬೆಳೆಯುತ್ತದೆ.

ಸಿಲಿಕೋನ್ ಜೆಲ್ ಹಾಳೆಯು ಮೆತ್ತಗೆ, ಪಾರದರ್ಶಕವಾಗಿ, ಒಂದು ಬದಿ ತುಸು ಅಂಟಾಗಿರುವ ಹಾಳೆ. 1980ರ ದಶಕದ ಆರಂಭದಿಂದ ಮೊದಲು ಸುಟ್ಟಗಾಯದ ಕಲೆಗಳಿಗೂ ಅನಂತರ ಶಸ್ತ್ರಚಿಕಿತ್ಸೆಯ ಕಲೆಗಳಿಗೂ ಇದರ ಬಳಕೆ ಬಂದಿತು. ಇದರಿಂದ ಔಷಧವು ದೇಹದೊಳಕ್ಕೆ ಇಳಿಯುವುದಿಲ್ಲ. ಕಲೆಯ ಮೇಲ್ಭಾಗದ ತೇವವು ಆರಿಹೋಗದಂತೆ ಅದು ಮುಚ್ಚಿಡುತ್ತದೆ. ತೇವ ಉಳಿದ ಚರ್ಮದಲ್ಲಿ ನಾರಿನ ಉತ್ಪತ್ತಿಯು ಶಾಂತವಾಗುತ್ತದೆಂದು ವೈದ್ಯರು ಭಾವಿಸಿದ್ದಾರೆ. ಪರೀಕ್ಷೆಗಳು ಸಣ್ಣ ಪ್ರಮಾಣದವಾದ್ದರಿಂದ ಪ್ರತಿಯೊಬ್ಬರಿಗೂ ಫಲ ಖಂಡಿತವೆಂದು ಹೇಳಲಾಗದು. ಕಲೆ ಮೆದುವಾಗುವುದು, ತುರಿಕೆ ತಗ್ಗುವುದು, ಕೆಂಪು ಇಳಿಯುವುದು ನಿರೀಕ್ಷಿಸಬಹುದಾದ ಫಲ. ಕಲೆ ಪೂರ್ತಿ ಅಳಿಸಿಹೋಗುತ್ತದೆಂದು ಯಾರಾದರೂ ಹೇಳಿ ಮಾರಿದರೆ ನಂಬಬೇಡಿ.

ಹೊಲಿಗೆ ಬಿಚ್ಚಿ, ಗಾಯ ಪೂರ್ತಿ ಕೂಡಿಕೊಂಡು, ಎಲ್ಲಿಯೂ ರಸ ಒಸರದಿರುವಾಗ ಮಾತ್ರ ಹಾಳೆಯನ್ನು ಆರಂಭಿಸತಕ್ಕದ್ದು. ಹಸಿ ಗಾಯದ ಮೇಲೆ ಎಂದೂ ಇಡಬಾರದು. ಗಾಯವು ಮಾಯ್ದಿದೆಯೇ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳುವುದು ಲೇಸು. ಕಲೆಗಿಂತ ಸುತ್ತಲೂ ಅರ್ಧ ಬೆರಳಿನಷ್ಟು ಅಗಲವಾಗಿ ಹಾಳೆಯನ್ನು ಕತ್ತರಿಸಿ, ತೊಳೆದು ಒಣಗಿಸಿದ ಚರ್ಮದ ಮೇಲೆ ಅಂಟಿಸಬೇಕು. ಮೊದಲ ಎರಡು ದಿನ ನಾಲ್ಕು ಗಂಟೆ ಇಟ್ಟು ನೋಡಿ, ಅನಂತರ ದಿನಕ್ಕೆ ಕನಿಷ್ಠ 12 ಗಂಟೆಗೆ ಏರಿಸಬೇಕು. ಸ್ನಾನದ ಹೊತ್ತನ್ನು ಬಿಟ್ಟು ಇಡೀ ದಿನ ಇಟ್ಟುಕೊಳ್ಳುವವರೂ ಇದ್ದಾರೆ. ಪ್ರತಿದಿನ ತೆಗೆದು ಸೌಮ್ಯ ಸಾಬೂನಿನಿಂದ ತೊಳೆದು, ನೆರಳಿನಲ್ಲಿ ಗಾಳಿಗೆ ಆರಿಸಿ ಅದೇ ಹಾಳೆಯನ್ನು ಮತ್ತೆ ಉಪಯೋಗಿಸಬಹುದು. ಅಂಟು ಹೋದ ಮೇಲೆ ಅಥವಾ ಹರಿದ ಮೇಲೆ ಹೊಸದು ಬೇಕು. ಕನಿಷ್ಠ ಎರಡು ಮೂರು ತಿಂಗಳು ಬಿಡದೆ ಮಾಡಬೇಕಾಗುತ್ತದೆ. ಹದಿನೈದು ದಿನ ಮಾಡಿ ಬಿಟ್ಟವರಿಗೆ ಹಾಳೆಯ ಹಣವೂ ನಷ್ಟ.

ತವರಿನಲ್ಲಿ ಬಾಣಂತನವಿರುವಾಗ ಇದಕ್ಕೆ ಒಂದು ತೊಡಕುಂಟು. ಮೈಗೆಲ್ಲ ಎಣ್ಣೆ ತಿಕ್ಕುವ ಪದ್ಧತಿಯಿರುವುದರಿಂದ ಎಣ್ಣೆಯ ಮೈಗೆ ಹಾಳೆ ನಿಲ್ಲದು. ಎಣ್ಣೆನೀರನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಹಾಳೆಯನ್ನು ತೆಗೆದಿಟ್ಟು, ಸ್ನಾನವಾದ ಮೇಲೆ ಕಲೆಯ ಭಾಗದ ಜಿಡ್ಡನ್ನು ಸಾಬೂನಿನಿಂದ ತೊಳೆದು, ಒರೆಸಿ, ಮತ್ತೆ ಅಂಟಿಸಿದರೆ ಸಾಕು. ಅಡ್ಡಗೆರೆಯ ಸಿಸೇರಿಯನ್ ಕಲೆಯು ಕಿಬ್ಬೊಟ್ಟೆಯಲ್ಲಿರುವುದರಿಂದ ಲಂಗದ ಲಾಡಿಯು ಅದನ್ನು ಉಜ್ಜದಂತೆ ತುಸು ಮೇಲೆ, ಸಡಿಲವಾಗಿ ಕಟ್ಟಿಕೊಳ್ಳಿರಿ. ಬೇಸಿಗೆಯಲ್ಲಿ ಬೆವರಿನಿಂದ ಹಾಳೆಯಡಿ ಗುಳ್ಳೆಯೆದ್ದರೆ ಅದು ವಾಸಿಯಾಗುವವರೆಗೆ ನಿಲ್ಲಿಸಿ, ಮತ್ತೆ ಕಡಿಮೆ ಹೊತ್ತಿನಿಂದ ಆರಂಭಿಸಬೇಕು.

ಕಲೆಯ ಬಳಿ ಕೀವು, ಜ್ವರ, ಹೊಲಿಗೆ ಬಿಡುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೆಮ್ಮಿದಾಗ ಆ ಜಾಗ ಉಬ್ಬಿ ಬಂದರೆ ಅದು ಕಲೆಯ ಉಬ್ಬಲ್ಲ, ಕರುಳು ಹೊರನೂಕುತ್ತಿರಬಹುದು. ಪ್ರತಿ ತಿಂಗಳ ಮುಟ್ಟಿನ ದಿನಗಳಲ್ಲಿಯೇ ಕಲೆಯಲ್ಲಿ ಗಂಟು ನೋಯುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಗರ್ಭಕೋಶದ ಒಳಪದರದ ಅಂಶವು ಕಲೆಯಲ್ಲಿ ಸೇರಿರುವ ಸಂಭವವುಂಟು. ಇವಕ್ಕೆ ಹಾಳೆಯಿಂದ ಪ್ರಯೋಜನವಿಲ್ಲ.

ದಂಪತಿಗಳು ಕೇಳುವ ಮತ್ತೊಂದು ಪ್ರಶ್ನೆಯಿದೆ: ಹೊರಗಿನ ಕಲೆ ಹೀಗಾದರೆ ಒಳಗಿನ ಗರ್ಭಕೋಶದ ಹೊಲಿಗೆಯೂ ಕೆಟ್ಟಿರಬಹುದೇ? ಹೊರಗಿನ ಉಬ್ಬನ್ನು ನೋಡಿ ಒಳಗಿನದನ್ನು ಹೇಳಲಾಗದು. ಹೊರಗೆ ಗೆರೆ ಅಂದವಾಗಿದ್ದ ಮಾತ್ರಕ್ಕೆ ಬೇಗನೆ ಮತ್ತೊಂದು ಗರ್ಭ ಧರಿಸುವುದೂ ಕ್ಷೇಮವಲ್ಲ. ಒಳಗಿನ ಗಾಯಕ್ಕೆ ಬಲ ಬರಲು ಕಾಲ ಬೇಕು. ಆದುದರಿಂದ ಹೆರಿಗೆಯಾದ ಮೇಲೆ ಕನಿಷ್ಠ 2 ವರ್ಷ ಮುಂದಿನ ಗರ್ಭವನ್ನು ತಡೆಯುವ ವಿಧಾನವೊಂದನ್ನು ಪತಿಪತ್ನಿಯರಿಬ್ಬರೂ ಕೂಡಿ ಆರಿಸಿಕೊಳ್ಳಬೇಕು. ಮುಂದಿನ ಹೆರಿಗೆಯು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲಿಯೇ ಆಗಬೇಕು. ಹಿಂದಿನ ಶಸ್ತ್ರಚಿಕಿತ್ಸೆಯ ಬಿಡುಗಡೆ ಚೀಟಿಯನ್ನು ತಾಯಿ ಕಾರ್ಡಿನೊಂದಿಗೆ ಮಡಿಚಿಟ್ಟು, ಅಂದು ಕೊಂಡೊಯ್ಯಿರಿ.