ತಲೆಬಿಸಿಗೆ ಕೊಟ್ಟ ಮಾತ್ರೆ: ತೆಗೆದುಕೊಳ್ಳುವುದು ಹೇಗೆ, ಬಿಡುವುದು ಹೇಗೆ?



ಅಡಿಕೆಗೆ ಮದ್ದು ಬಿಡುವ ಲೆಕ್ಕ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಅಳತೆ ತಪ್ಪಿದರೆ ಒಂದೋ ಕೊಳೆರೋಗ ನಿಲ್ಲುವುದಿಲ್ಲ, ಇಲ್ಲವೇ ಎಳೆಕಾಯಿಗೇ ಕೆಡುಕು. ಮರಕ್ಕೆ ಬಿಡುವ ಮದ್ದಿಗೆ ಇಷ್ಟು ಜಾಗ್ರತೆ ಮಾಡುವ ನಾವು, ನಮ್ಮ ಹೊಟ್ಟೆಗೆ ಹೋಗುವ ಮದ್ದಿನ ಅಳತೆಯನ್ನು ಮಾತ್ರ ಮನಸ್ಸು ಬಂದಂತೆ ಬದಲಿಸುತ್ತೇವೆ. ಮಂಡೆಬಿಸಿಗೆ, ಎದೆ ಢವಢವಕ್ಕೆ, ನಿದ್ದೆ ಬಾರದ್ದಕ್ಕೆ ಕೊಡುವ ಮಾತ್ರೆಗಳಲ್ಲಿ ಈ ತಪ್ಪು ಹೆಚ್ಚು. ಆದ್ದರಿಂದ ಈ ಸಲ ಆ ಮಾತ್ರೆಗಳ ಬಗ್ಗೆ ತಿಳಿದುಕೊಳ್ಳೋಣ.

ಒಂದು ಉದಾಹರಣೆ

ಗಡಿನಾಡಿನ ಒಬ್ಬ ಕೃಷಿಕರೆಂದು ಇಟ್ಟುಕೊಳ್ಳಿ. ಪ್ರಾಯ ಐವತ್ತೆರಡು. ಮಗಳ ಮದುವೆಯ ಸಾಲ, ಹಳದಿ ರೋಗ ಬಂದ ತೋಟ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮಂಗಳೂರಿನ ಡಾಕ್ಟರರು ಎರಡು ಬಗೆಯ ಮಾತ್ರೆ ಬರೆದುಕೊಟ್ಟರು. ಒಂದು ದಿನಾ ಬೆಳಿಗ್ಗೆ. ಇನ್ನೊಂದು ರಾತ್ರಿ, ಅದೂ ಮೂರು ವಾರ ಮಾತ್ರ.

ರಾತ್ರಿಯ ಮಾತ್ರೆ ಮೊದಲ ದಿನವೇ ನಿದ್ದೆ ಕೊಟ್ಟಿತು. ಬೆಳಗ್ಗಿನದು ಹತ್ತು ದಿನ ತಿಂದರೂ ಏನೂ ಗುಣ ಕಾಣಲಿಲ್ಲ, ಸ್ವಲ್ಪ ಓಕರಿಕೆ ಬೇರೆ. "ಇದು ಸುಮ್ಮನೆ ಹಣ ದಂಡ" ಎಂದು ಅದನ್ನು ಬಿಟ್ಟರು. ರಾತ್ರಿಯದನ್ನು ಹಳೆ ಚೀಟಿಯಲ್ಲೇ ತರಿಸಿಕೊಂಡು ಮುಂದುವರಿಸಿದರು. ಒಂದು ಮಾತ್ರೆ ಎರಡಾಯಿತು. ಎರಡು ವರ್ಷ ಕಳೆಯಿತು. ಒಂದು ದಿನ ಊರಿಗೆ ಬಂದ ಮಗ, "ಅಪ್ಪಾ, ಇದು ಚಟ ಹಿಡಿಸುವ ಮಾತ್ರೆ" ಎಂದ. ಅಪ್ಪನಿಗೆ ನಾಚಿಕೆಯಾಗಿ ಅಂದೇ ಮಾತ್ರೆಯನ್ನು ಬಿಸಾಡಿದರು. ಮೂರನೆಯ ದಿನ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದಾಗ ಸೆಳವು ಬಂದು ಬಿದ್ದರು.

ಇದು ಯಾರೊಬ್ಬರ ಕಥೆಯೂ ಅಲ್ಲ. ಹಲವರಿಗೆ ಆಗುವುದನ್ನು ಒಟ್ಟುಗೂಡಿಸಿ ಬರೆದದ್ದು. ಇಲ್ಲಿ ಎರಡು ತಪ್ಪುಗಳಿವೆ. ಮುಂದುವರಿಸಬೇಕಾದ ಮಾತ್ರೆಯನ್ನು ಬಿಟ್ಟು, ಬಿಡಬೇಕಾದದ್ದನ್ನು ಮುಂದುವರಿಸಿದ್ದು ಮೊದಲನೆಯದು. ಅದನ್ನು ಬಿಡುವಾಗ ಒಮ್ಮೆಗೇ ಬಿಟ್ಟದ್ದು ಎರಡನೆಯದು. ಎರಡನ್ನೂ ಡಾಕ್ಟರರಿಗೆ ಹೇಳದೆ ಮಾಡಲಾಯಿತು.

ಈ ಮಾತ್ರೆಗಳು ಯಾವುವು?

ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೋರಾಜೆಪಾಮ್, ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಎಲ್ಲವೂ ಒಂದೇ ಕುಟುಂಬಕ್ಕೆ ಸೇರಿದವು. ಈ ಕುಟುಂಬಕ್ಕೆ ಬೆಂಜೋಡಯಾಜೆಪಿನ್ ಎಂದು ಹೆಸರು. ಇವುಗಳಲ್ಲಿ ಮೊದಲನೆಯದಾದ ಕ್ಲೋರ್‌ಡಯಾಜೆಪಾಕ್ಸೈಡ್ 1960ರಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ಡಯಾಜೆಪಾಮ್ ಬಂತು. ನಮ್ಮ ಮಿದುಳಿನಲ್ಲಿ ನರಗಳ ಓಟವನ್ನು ತಗ್ಗಿಸುವ 'ಗಾಬಾ' ಎಂಬ ರಾಸಾಯನಿಕವಿದೆ. ಈ ಮಾತ್ರೆಗಳು ಅದರ ಕೆಲಸಕ್ಕೆ ಬಲ ಕೊಡುತ್ತವೆ. ಆದ್ದರಿಂದಲೇ ನುಂಗಿದ ಸ್ವಲ್ಪ ಹೊತ್ತಿಗೆ ಎದೆಬಡಿತ ಇಳಿಯುತ್ತದೆ, ಮೈ ಸಡಿಲಾಗುತ್ತದೆ, ನಿದ್ದೆ ಬರುತ್ತದೆ.

ಇವು ಕೆಟ್ಟ ಮದ್ದುಗಳೇನೂ ಅಲ್ಲ. ತೀವ್ರ ಗಾಬರಿ, ಸೆಳವು, ಕುಡಿತ ಬಿಡಿಸುವ ಚಿಕಿತ್ಸೆ, ಶಸ್ತ್ರಚಿಕಿತ್ಸೆಯ ಮುಂಚಿನ ಆತಂಕ ಇವುಗಳಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ಆದರೆ ಇವು ಆತಂಕದ ಬೇರನ್ನು ಕೀಳುವುದಿಲ್ಲ. ಕೆಲವು ವಾರ ದಿನಾ ತೆಗೆದುಕೊಂಡರೆ ಮಿದುಳು ಇವಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲಿನ ಅಳತೆಗೆ ಮೊದಲಿನಷ್ಟು ನಿದ್ದೆ ಬರುವುದಿಲ್ಲ. ಆಗ ಮನುಷ್ಯ ಅಳತೆ ಹೆಚ್ಚಿಸುತ್ತಾನೆ. ಆತಂಕಕ್ಕಾಗಲಿ ನಿದ್ದೆಗಾಗಲಿ ದಿನಾ ಕೊಡುವುದಾದರೆ ಸಾಮಾನ್ಯವಾಗಿ 2ರಿಂದ 4 ವಾರ ಸಾಕೆಂದು ವೈದ್ಯಶಾಸ್ತ್ರ ಹೇಳುವುದು ಇದೇ ಕಾರಣಕ್ಕೆ.

ಹಾಗಾದರೆ ಬೆಳಗ್ಗಿನ ಮಾತ್ರೆ ಯಾವುದು?

ದೀರ್ಘಕಾಲದ ಆತಂಕಕ್ಕೆ ಡಾಕ್ಟರರು ಹೆಚ್ಚಾಗಿ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್ ಮುಂತಾದ ಬೇರೆ ಗುಂಪಿನ ಮದ್ದು ಕೊಡುತ್ತಾರೆ. ಇವು ತೆಂಗಿನ ಬುಡಕ್ಕೆ ಹಾಕಿದ ಗೊಬ್ಬರದಂತೆ. ಇಂದು ಹಾಕಿ ನಾಳೆ ಕಾಯಿ ಎಣಿಸಲಾಗದು. ಗುಣ ಕಾಣಲು 2ರಿಂದ 6 ವಾರ ಬೇಕು. ಮೊದಲ ದಿನಗಳಲ್ಲಿ ಓಕರಿಕೆ, ಸ್ವಲ್ಪ ಚಡಪಡಿಕೆಯೂ ಆಗಬಹುದು. ಆ ಕಾಯುವ ಕಾಲಕ್ಕೆ ಆಧಾರವಾಗಿ ರಾತ್ರಿಯ ಮಾತ್ರೆ ಕೊಡುತ್ತಾರೆ, ಬಾಳೆಗೆ ಊರುಗೋಲು ಕೊಟ್ಟ ಹಾಗೆ.

ಹಾಗಾಗಿ ಮುಖ್ಯ ಪಾಠ ಇದು: ಕೂಡಲೇ ಗುಣ ತೋರಿಸುವ ಮಾತ್ರೆಯೇ ಮೊದಲು ನಿಲ್ಲಬೇಕಾದದ್ದು. ಏನೂ ಮಾಡದಂತೆ ಕಾಣುವ ಮಾತ್ರೆಯೇ ಮುಂದುವರಿಯಬೇಕಾದದ್ದು. ಗುಣವಾದ ಮೇಲೂ ಅದನ್ನು ಹಲವು ತಿಂಗಳು ತೆಗೆದುಕೊಳ್ಳಬೇಕಾಗುತ್ತದೆ. ಡಾಕ್ಟರರಲ್ಲಿ ಮೊದಲ ದಿನವೇ ಕೇಳಿಕೊಳ್ಳಿ: "ಇದರಲ್ಲಿ ಯಾವುದು ಎಷ್ಟು ದಿನ? ಯಾವುದನ್ನು ಯಾವಾಗ ನಿಲ್ಲಿಸಬೇಕು?" ಹೀಗೆ ಕೇಳಿದರೆ ಯಾವ ಡಾಕ್ಟರರೂ ಬೇಸರಪಡುವುದಿಲ್ಲ.

ಚೀಟಿ ಮತ್ತು ಪಟ್ಟಿ ಓದುವ ಕ್ರಮ

1. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 0-0-1 ಎಂದಿದ್ದರೆ ರಾತ್ರಿ ಮಾತ್ರ. 'ಎಸ್.ಓ.ಎಸ್.' ಎಂದಿದ್ದರೆ ತೀರಾ ಅಗತ್ಯ ಬಿದ್ದಾಗ ಮಾತ್ರ, ದಿನಾ ಅಲ್ಲ.

2. ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಎರಡೂ 0.25, 0.5, 1 ಮಿಲಿಗ್ರಾಂ ಎಂದು ಬೇರೆ ಬೇರೆ ಅಳತೆಗಳಲ್ಲಿ ಸಿಗುತ್ತವೆ. 0.25ರ ಬದಲು 0.5 ತಂದರೆ ಅಳತೆ ಎರಡು ಪಾಲಾಯಿತು. ಪ್ರತಿ ಸಲ ಪಟ್ಟಿಯ ಹಿಂದಿನ ಅಂಕಿಯನ್ನು ಚೀಟಿಗೆ ತಾಳೆ ನೋಡಿ.

3. ಕೆಲವು ಮಾತ್ರೆಗಳಲ್ಲಿ ಎರಡು ಮದ್ದು ಒಟ್ಟಿಗಿರುತ್ತವೆ. ಎಸ್ಸಿಟಾಲೊಪ್ರಾಮ್ ಜೊತೆ ಕ್ಲೋನಜೆಪಾಮ್ ಸೇರಿಸಿದ ಮಾತ್ರೆ ನಮ್ಮ ದೇಶದಲ್ಲಿ ಸಾಮಾನ್ಯ. ಹೊಟ್ಟೆನೋವು, ಗ್ಯಾಸ್‌ಗೆಂದು ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಇರುತ್ತದೆ. "ನಾನು ನಿದ್ದೆ ಮಾತ್ರೆ ಮುಟ್ಟುವುದೇ ಇಲ್ಲ" ಎನ್ನುವವರ ಪೆಟ್ಟಿಗೆಯಲ್ಲೂ ಅದು ಇರಬಹುದು. ಹೆಸರಿನ ಕೊನೆಗೆ 'ಪಾಮ್' ಅಥವಾ 'ಜೋಲಾಮ್' ಎಂದು ಬಂದರೆ ಹೆಚ್ಚಾಗಿ ಅದು ಇದೇ ಕುಟುಂಬದ್ದು.

4. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ.

5. ನಿಮ್ಮ ಮಾತ್ರೆಯನ್ನು ನೆರೆಮನೆಯವರಿಗೆ, ತಂಗಿಗೆ, ಅತ್ತೆಗೆ ಕೊಡಬೇಡಿ. ಎದೆ ಢವಢವಕ್ಕೆ ಥೈರಾಯ್ಡ್ ದೋಷ, ರಕ್ತಹೀನತೆ, ಹೃದಯದ ತೊಂದರೆ, ದಮ್ಮಿನ ಮದ್ದು, ಅತಿಯಾದ ಕಾಫಿ ಚಹಾ ಕೂಡ ಕಾರಣವಾಗಬಹುದು. ನಿಮ್ಮ ಮಾತ್ರೆ ಅವರ ರೋಗವನ್ನು ಮುಚ್ಚಿಡುತ್ತದೆ.

ಜೊತೆಗೆ ಸೇರಬಾರದವು

ಮೊದಲನೆಯದು ಮದ್ಯ. ಕಳ್ಳಾಗಲಿ, ಸಾರಾಯಿಯಾಗಲಿ, ಮದುವೆ ಮನೆಯ ಒಂದು ಪೆಗ್ಗಾಗಲಿ, ಈ ಮಾತ್ರೆಯೊಂದಿಗೆ ಬೇಡ. ಎರಡೂ ಮಿದುಳನ್ನು ಮಂಕಾಗಿಸುತ್ತವೆ. ಎರಡೂ ಸೇರಿದಾಗ ನಿದ್ದೆಯಲ್ಲೇ ಉಸಿರು ನಿಲ್ಲಬಹುದು.

ಎರಡನೆಯದು ಬಲವಾದ ನೋವಿನ ಮದ್ದು. ಸೊಂಟನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಇವುಗಳಲ್ಲೂ ಇದೇ ಅಪಾಯವಿದೆ. ಶೀತಕ್ಕೆ, ತುರಿಕೆಗೆ ಕೊಡುವ ಮಾತ್ರೆಗಳೂ ಅಮಲನ್ನು ಹೆಚ್ಚಿಸುತ್ತವೆ.

ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲದ್ದು. ನಮ್ಮ ಮಳೆಗಾಲದಲ್ಲಿ ಗಜಕರ್ಣ, ತೊಡೆಸಂದಿನ ಹುಳುಕಡ್ಡಿ ಸಾಮಾನ್ಯ. ಅದಕ್ಕೆ ಕೊಡುವ ಇಟ್ರಾಕೊನಜೋಲ್ ಎಂಬ ಮದ್ದು ಆಲ್ಪ್ರಜೋಲಾಮ್ ದೇಹದಿಂದ ಹೊರಹೋಗುವುದನ್ನು ತಡೆಯುತ್ತದೆ. ಆಗ ಅದೇ ಒಂದು ಮಾತ್ರೆ ಹೆಚ್ಚು ಮಾತ್ರೆ ನುಂಗಿದಂತೆ ಆಗುತ್ತದೆ. ಚರ್ಮದ ಡಾಕ್ಟರರಿಗೆ ನರದ ಮಾತ್ರೆಯ ಸಂಗತಿ ಏಕೆ ಎಂದು ಸುಮ್ಮನಿರಬೇಡಿ. ಯಾವ ಡಾಕ್ಟರರ ಬಳಿ ಹೋದರೂ ಎಲ್ಲ ಚೀಟಿಗಳನ್ನೂ ತೋರಿಸಿ. ದಮ್ಮು, ನಿದ್ದೆಯಲ್ಲಿ ಉಸಿರುಕಟ್ಟುವ ಗೊರಕೆ, ಪಿತ್ತಕೋಶದ ಕಾಯಿಲೆ ಇದ್ದವರು ಅದನ್ನು ತಪ್ಪದೆ ಹೇಳಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಸಹ ಹೇಳಬೇಕು. ಆದರೆ ಗಾಬರಿಯಿಂದ ಒಮ್ಮೆಗೇ ಬಿಡಬಾರದು.

ಕೆಲಸದ ಹೊತ್ತು, ಪ್ರಾಯದವರು

ರಾತ್ರಿ ತೆಗೆದುಕೊಂಡ ಮಾತ್ರೆ ಬೆಳಿಗ್ಗೆ ಇಳಿದಿದೆ ಎಂದುಕೊಳ್ಳಬೇಡಿ. ಆಲ್ಪ್ರಜೋಲಾಮ್ ಅರ್ಧದಷ್ಟು ಕಡಿಮೆಯಾಗಲು ಸುಮಾರು ಹನ್ನೊಂದು ಗಂಟೆ ಬೇಕು. ಕ್ಲೋನಜೆಪಾಮಿಗೆ ಒಂದು ದಿನಕ್ಕಿಂತಲೂ ಹೆಚ್ಚು. ಆದ್ದರಿಂದ ಹೊಸದಾಗಿ ಸುರು ಮಾಡಿದವರು ಅಡಿಕೆ ಮರ ಹತ್ತುವುದು, ಹುಲ್ಲು ಕತ್ತರಿಸುವ ಯಂತ್ರ ಹಿಡಿಯುವುದು, ಬೈಕ್ ಓಡಿಸುವುದು ಬೇಡ. ಅಮಲು ಇರುವಷ್ಟು ದಿನ ಬೇರೆಯವರಿಂದ ಮಾಡಿಸಿ.

ಅರುವತ್ತು ದಾಟಿದವರಲ್ಲಿ ಇದು ಇನ್ನೂ ನಿಧಾನವಾಗಿ ಇಳಿಯುತ್ತದೆ. ರಾತ್ರಿ ಮೂತ್ರಕ್ಕೆ ಎದ್ದಾಗ ತಲೆ ತಿರುಗಿ, ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರೆ ಮತ್ತೆ ಎದ್ದು ನಡೆಯುವುದು ಕಷ್ಟ. ಮರೆವು ಕೂಡ ಹೆಚ್ಚಬಹುದು. "ಅಜ್ಜಿಗೆ ಪ್ರಾಯವಾಯಿತು, ಹಾಗೇ" ಎನ್ನುವ ಮೊದಲು ಅಜ್ಜಿಯ ಮಾತ್ರೆಗಳನ್ನು ಒಮ್ಮೆ ಡಾಕ್ಟರರಿಗೆ ತೋರಿಸಿ. ರಾತ್ರಿ ಒಂದು ದೀಪ ಉರಿಯಲಿ, ಮಂಚದ ಬಳಿಯೇ ವ್ಯವಸ್ಥೆ ಇರಲಿ.

ಬಿಡುವುದು ಹೇಗೆ?

ಬಹುಕಾಲ ತೆಗೆದುಕೊಂಡವರು ಒಮ್ಮೆಗೇ ಬಿಟ್ಟರೆ ನಿದ್ದೆ ಕೆಡುತ್ತದೆ, ಬೆವರು, ನಡುಕ, ಚಡಪಡಿಕೆ ಬರುತ್ತದೆ, ಸಣ್ಣ ಸದ್ದೂ ಸಹಿಸಲಾಗುವುದಿಲ್ಲ. ಮೊದಲಿನ ಆತಂಕವೇ ಇಮ್ಮಡಿಯಾಗಿ ಬಂದಂತೆ ಅನಿಸುತ್ತದೆ. ಕೆಲವರಿಗೆ ಭ್ರಮೆ, ಸೆಳವು ಬರಬಹುದು, ಜೀವಕ್ಕೂ ಅಪಾಯವಾಗಬಹುದು. ಡಾಕ್ಟರರು ಹೇಳಿದ ಅಳತೆಯಲ್ಲೇ ತಿಂದವರಿಗೂ ಹೀಗಾಗಬಹುದು. ಇದು ಗುಣಗೇಡಿತನವಲ್ಲ, ದೇಹ ಒಗ್ಗಿಕೊಂಡದ್ದರ ಫಲ. ಆದ್ದರಿಂದ ಮನೆಯವರು ಹೀಯಾಳಿಸಬಾರದು. ಧ್ಯಾನಕೂಟಕ್ಕೆ ಹೋಗಿ ಬಂದ ಹುರುಪಿನಲ್ಲಾಗಲಿ, ಮಕ್ಕಳ ಮಾತಿಗೆ ನಾಚಿಯಾಗಲಿ ಮಾತ್ರೆಯನ್ನು ಬಿಸಾಡಬಾರದು.

ಡಾಕ್ಟರರು ಅಳತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ. ವರ್ಷಗಟ್ಟಲೆ ತೆಗೆದುಕೊಂಡವರಿಗೆ ತಿಂಗಳುಗಳೇ ಬೇಕಾಗಬಹುದು. ಒಂದು ಮೆಟ್ಟಿಲಲ್ಲಿ ಕಷ್ಟವಾದರೆ ಅಲ್ಲೇ ಸ್ವಲ್ಪ ನಿಂತು ಮತ್ತೆ ಇಳಿಯಬಹುದು. ಈ ಲೆಕ್ಕ ಪ್ರತಿಯೊಬ್ಬರಿಗೂ ಬೇರೆ. ಮನೆಯಲ್ಲೇ ಬ್ಲೇಡಿನಲ್ಲಿ ತುಂಡು ಮಾಡಿ ಸ್ವಂತ ಲೆಕ್ಕ ಹಾಕಬೇಡಿ. ಇದರೊಂದಿಗೆ ಆಪ್ತಸಲಹೆ, ಯೋಚನೆಯ ದಾರಿಯನ್ನು ತಿದ್ದುವ ಮಾತಿನ ಚಿಕಿತ್ಸೆ, ದಿನಾ ಅರ್ಧ ಗಂಟೆ ನಡಿಗೆ, ಮಧ್ಯಾಹ್ನದ ನಂತರ ಕಾಫಿ ಚಹಾ ಬಿಡುವುದು, ಒಂದೇ ಹೊತ್ತಿಗೆ ಏಳುವುದು ಇವೆಲ್ಲ ಸೇರಿದರೆ ಇಳಿಯುವ ದಾರಿ ಸುಲಭ.

ಗಡಿನಾಡಿನವರಿಗೆ ಒಂದು ಮಾತು

ನಮ್ಮ ಡಾಕ್ಟರರು ಮಂಗಳೂರಿನಲ್ಲಿ, ಮದ್ದಿನ ಅಂಗಡಿ ಕುಂಬಳೆಯಲ್ಲೋ ಬದಿಯಡ್ಕದಲ್ಲೋ. 2014ರ ಮಾರ್ಚ್ 1ರಿಂದ ದೇಶದಾದ್ಯಂತ ಆಲ್ಪ್ರಜೋಲಾಮ್, ಡಯಾಜೆಪಾಮ್ ಮುಂತಾದವು 'ಎಚ್-1' ಪಟ್ಟಿಯಲ್ಲಿವೆ. ಅಂಗಡಿಯವರು ಚೀಟಿ ನೋಡಿ, ಡಾಕ್ಟರರ ಮತ್ತು ರೋಗಿಯ ಹೆಸರನ್ನೂ ಮದ್ದಿನ ಪ್ರಮಾಣವನ್ನೂ ಪುಸ್ತಕದಲ್ಲಿ ಬರೆದಿಟ್ಟು ಕೊಡಬೇಕು. ಚೀಟಿ ಕೇಳಿದರೆ ಸಿಟ್ಟಾಗಬೇಡಿ. ಅದು ನಮ್ಮ ರಕ್ಷಣೆಗೇ ಇರುವ ನಿಯಮ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳ ಪಾಡು ನಾವು ಮರೆತಿಲ್ಲ. ಮಾತ್ರೆ ಮುಗಿಯಲು ವಾರವಿರುವಾಗಲೇ ಡಾಕ್ಟರರನ್ನು ಕಾಣಿ. ಚೀಟಿಯ ಒಂದು ಪ್ರತಿ ಮನೆಯಲ್ಲಿರಲಿ. ಹತ್ತಿರದ ಒಬ್ಬ ಡಾಕ್ಟರರಿಗೂ ನಿಮ್ಮ ಚಿಕಿತ್ಸೆಯ ವಿಷಯ ತಿಳಿದಿರಲಿ.

ಅಪಾಯ ಬಂದಾಗ

ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಲಿಂಬೆರಸ, ಕಾಫಿ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಸೆಳವು ಬಂದರೆ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಖಾಲಿ ಪಟ್ಟಿಯನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.

ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ, ತೇವವಿಲ್ಲದಲ್ಲಿ, ಬೀಗ ಹಾಕಿ ಇಡಿ. ಮನೆಯಲ್ಲಿ ಯಾರಾದರೂ "ಬದುಕೇ ಬೇಡ" ಎನ್ನುತ್ತಿದ್ದರೆ ಮಾತ್ರೆ ಇನ್ನೊಬ್ಬರ ವಶದಲ್ಲಿರಲಿ, ಅವರನ್ನು ಒಂಟಿಯಾಗಿ ಬಿಡಬೇಡಿ. 2022ರ ಅಕ್ಟೋಬರಿನಲ್ಲಿ ಸುರುವಾದ ಸರಕಾರದ 'ಟೆಲಿ-ಮಾನಸ್' ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡ ಮಲಯಾಳ ಸೇರಿ ಹಲವು ಭಾಷೆಗಳಲ್ಲಿ ಮಾತಾಡಬಹುದು.

ಮನೆಮಂದಿ ಕೂತು ಉತ್ತರಿಸಿ

1. ನಮ್ಮ ಮನೆಯ ಮದ್ದಿನ ಪೆಟ್ಟಿಗೆಯಲ್ಲಿ ಈ ಕುಟುಂಬದ ಮಾತ್ರೆ ಇದೆಯೇ? ಯಾರದು? ಎಷ್ಟು ಕಾಲದಿಂದ?

2. ಅದನ್ನು ಬರೆದ ಡಾಕ್ಟರರನ್ನು ಕೊನೆಯ ಸಲ ಕಂಡದ್ದು ಯಾವಾಗ?

3. ಅದನ್ನು ತೆಗೆದುಕೊಳ್ಳುವವರು ಆ ಮಾತನ್ನು ಮನೆಯಲ್ಲಿ ನಾಚದೆ ಹೇಳುವಂತೆ ನಾವು ನಡೆದುಕೊಳ್ಳುತ್ತಿದ್ದೇವೆಯೇ?

ಎರಡನೆಯ ಪ್ರಶ್ನೆಗೆ "ನೆನಪಿಲ್ಲ" ಎಂಬುದೇ ಉತ್ತರವಾದರೆ ಇಂದು ಮಾತ್ರೆಯನ್ನು ಬಿಸಾಡಬೇಡಿ, ಹೆಚ್ಚಿಸಲೂ ಬೇಡಿ. ಅದೇ ಅಳತೆಯಲ್ಲಿ ಮುಂದುವರಿಸುತ್ತಾ ಈ ವಾರದೊಳಗೆ ಡಾಕ್ಟರರ ಬಳಿಗೆ ಹೋಗಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಮನೆಯ ಇನ್ನೊಬ್ಬರು ಜೊತೆಗೆ ಹೋಗಿ.